ಬೆಲ್ ಒತ್ತಿ, ಒಳಗೆ ಹೋಗಿ: ಮುಂಬೈನಲ್ಲಿ ಗ್ಯಾಲರಿ ನಡಿಗೆ

ದಕ್ಷಿಣ ಮುಂಬೈನ ಆರ್ಟ್ ಗ್ಯಾಲರಿಗಳ ತೊಂದರೆ ಏನಪ್ಪಾ ಅಂದರೆ, ಹೊರಗಿನಿಂದ ಅವು ಗ್ಯಾಲರಿಗಳ ಹಾಗೆ ಕಾಣುವುದೇ ಇಲ್ಲ. ತಾಜ್ ಹೋಟೆಲ್ ಹಿಂದಿನ ಬೀದಿಯಲ್ಲಿ ಒಂದು ಹಳೇ ಕಟ್ಟಡ. ಕೆಳಗೆ ಸಾಲಾಗಿ ನಿಂತ ಕಾರುಗಳು, ಕುರ್ಚಿ ಹಾಕಿಕೊಂಡು ಕೂತ ವಾಚ್‌ಮನ್, ಸವೆದ ಮೆಟ್ಟಿಲು, ಅಂಗೈಯಗಲದ ಬೋರ್ಡು. ಮೇಲೆ ಹತ್ತಿದರೆ ಮುಚ್ಚಿದ ಬಾಗಿಲು, ಪಕ್ಕದಲ್ಲಿ ಒಂದು ಬೆಲ್. ‘ಯಾರದೋ ಮನೆ ಇರಬೇಕು, ನಮಗ್ಯಾಕೆ’ ಅಂತ ವಾಪಸ್ ಇಳಿಯಬೇಕು ಅನ್ನಿಸುತ್ತದೆ.

ಆ ಬಾಗಿಲ ಹಿಂದಿರುವುದನ್ನು ನೋಡಲು ನಯಾಪೈಸೆ ಕೊಡಬೇಕಿಲ್ಲ. ಕೊಳ್ಳುವವರಿಗೆ ಮಾತ್ರ ಪ್ರವೇಶ ಅಂತಲೂ ಇಲ್ಲ. ಆದರೂ ಸಂಕೋಚ ಬಿಡುವುದಿಲ್ಲ, ಅಲ್ವಾ? ಗೈಡ್ ಜೊತೆಗಿನ ನಡಿಗೆ ಮುಖ್ಯವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ. ಕಲೆಯ ಇತಿಹಾಸವನ್ನು ಮನೆಯಲ್ಲಿ ಕೂತೂ ಓದಬಹುದು. ಬೆಲ್ ಒತ್ತುವ ಧೈರ್ಯ ಬರುವುದು ಹತ್ತು ಜನರ ಜೊತೆ ಹೋದಾಗ.

ಮೊದಲು ದಿನ ನೋಡಿಕೊಳ್ಳಿ

ಭಾನುವಾರ ಇಟ್ಟುಕೊಳ್ಳಲೇಬೇಡಿ. ಖಾಸಗಿ ಗ್ಯಾಲರಿಗಳಲ್ಲಿ ಹೆಚ್ಚಿನವು ಅಂದು ಬಾಗಿಲು ಹಾಕಿರುತ್ತವೆ, ಕೆಲವು ಸೋಮವಾರವೂ ರಜೆ. ಮಂಗಳವಾರದಿಂದ ಶನಿವಾರ, ಬೆಳಿಗ್ಗೆ 11ರಿಂದ ಸಂಜೆ 6–7ರವರೆಗೆ ಅಂದುಕೊಂಡರೆ ಮೋಸವಿಲ್ಲ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಒಂದು ಪ್ರದರ್ಶನ ಸುಮಾರು ಒಂದು, ಒಂದೂವರೆ ತಿಂಗಳು ಇರುತ್ತದೆ. ಅದು ಮುಗಿದು ಮುಂದಿನದು ಶುರುವಾಗುವ ನಡುವೆ ಗ್ಯಾಲರಿ ಖಾಲಿ. ಒಳಗೆ ಏಣಿ, ಬಬಲ್ ರ‍್ಯಾಪ್, ಗೋಡೆಗೆ ಬಣ್ಣ ಹೊಡೆಯುವವರು ಮಾತ್ರ. ಹೊರಡುವ ಹಿಂದಿನ ದಿನ ಗ್ಯಾಲರಿಯ ಇನ್‌ಸ್ಟಾಗ್ರಾಂ ಪುಟ ನೋಡಿ, ಇಲ್ಲವೇ ಒಂದು ಫೋನ್ ಮಾಡಿ.

ಕೆಲಸಕ್ಕೆ ಹೋಗುವವರಿಗೆ ತಿಂಗಳ ಎರಡನೇ ಗುರುವಾರ ಅನುಕೂಲ. ‘ಆರ್ಟ್ ನೈಟ್ ಥರ್ಸ್‌ಡೇ’ ಹೆಸರಿನಲ್ಲಿ ಆ ಸಂಜೆ ಈ ಭಾಗದ ಹಲವು ಗ್ಯಾಲರಿಗಳು ತಡವಾಗಿ ಮುಚ್ಚುತ್ತವೆ. ಎಲ್ಲಕ್ಕಿಂತ ಒಳ್ಳೆಯ ಸಮಯ ಜನವರಿ. 2012ರಲ್ಲಿ ಶುರುವಾದ ‘ಮುಂಬೈ ಗ್ಯಾಲರಿ ವೀಕೆಂಡ್’ ಈಗ ಜನವರಿಯಲ್ಲಿ ನಡೆಯುತ್ತದೆ. ಗ್ಯಾಲರಿಗಳು ತಮ್ಮ ಒಳ್ಳೊಳ್ಳೆ ಪ್ರದರ್ಶನಗಳನ್ನು ಅದಕ್ಕೇ ಕಾದಿಟ್ಟಿರುತ್ತವೆ, ಭಾನುವಾರವೂ ತೆರೆದಿರುತ್ತವೆ. ಗೈಡ್ ಸಮೇತ ನಡಿಗೆಗಳೂ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬೇಡ. ಮುಂಬೈ ಮಳೆಯಲ್ಲಿ ಒದ್ದೆ ಕೊಡೆ ಹಿಡಿದು ಬಿಳಿ ಗೋಡೆಯ ಕೋಣೆಗೆ ಹೋಗುವುದು ಯಾರಿಗೂ ಹಿತವಲ್ಲ.

ಯಾವ ನಡಿಗೆ, ಯಾರ ಜೊತೆ?

ನಡಿಗೆಗಳಲ್ಲಿ ಎರಡು ಬಗೆ. ಒಂದು, ನಾಲ್ಕೈದು ಗ್ಯಾಲರಿ ಸುತ್ತಿಸುವುದು. ಇನ್ನೊಂದು, ಒಂದೇ ಗ್ಯಾಲರಿಯಲ್ಲಿ ಕಲಾವಿದರೋ ಪ್ರದರ್ಶನವನ್ನು ರೂಪಿಸಿದ ಕ್ಯುರೇಟರ್‌ರೋ ನಿಂತು ವಿವರಿಸುವ ‘ವಾಕ್‌ಥ್ರೂ’. ಇದು ಸಾಮಾನ್ಯವಾಗಿ ಪುಕ್ಕಟೆ. ಹೊಸಬರು ಮೊದಲನೆಯದನ್ನೇ ಆರಿಸಿಕೊಳ್ಳಿ. ಒಂದು ಕಡೆ ನೋಡಿದ್ದು ತಲೆಗೆ ಹೋಗದಿದ್ದರೂ ಇನ್ನೊಂದು ಕಡೆ ಏನಾದರೂ ಹಿಡಿಸುತ್ತದೆ.

ದುಡ್ಡು ಕೊಟ್ಟು ಹೋಗುವ ನಡಿಗೆಯಾದರೆ ಮೊದಲೇ ಕೆಲವು ಪ್ರಶ್ನೆ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಹದಿನೈದು ದಾಟಿದರೆ ಹಿಂದೆ ನಿಂತವರಿಗೆ ಗೈಡ್‌ನ ಬೆನ್ನು ಮಾತ್ರ ಕಾಣುತ್ತದೆ. ಯಾವ್ಯಾವ ಗ್ಯಾಲರಿ? ಹೆಸರು ಹೇಳದೆ ‘ಟಾಪ್ ಗ್ಯಾಲರಿಗಳು’ ಅಂದರೆ ಅನುಮಾನ ಪಡಿ. ಇಂಗ್ಲಿಷಾ, ಹಿಂದಿಯಾ? ಕಡೆಯದಾಗಿ, ನಡಿಗೆಯಲ್ಲಿ ಬಂದವರು ಏನಾದರೂ ಕೊಂಡರೆ ಗೈಡ್‌ಗೆ ಕಮಿಷನ್ ಇದೆಯಾ? ಕೇಳಲು ಮುಜುಗರ ಅನಿಸಬಹುದು. ಇದ್ದರೆ ತಪ್ಪೇನಿಲ್ಲ, ನಮಗೆ ಗೊತ್ತಿರಬೇಕು ಅಷ್ಟೇ. ಯಾವ ಗೋಡೆಯ ಮುಂದೆ ಜಾಸ್ತಿ ಹೊತ್ತು ನಿಲ್ಲಿಸುತ್ತಾರೆ ಅನ್ನುವುದು ಆಗ ಅರ್ಥವಾಗುತ್ತದೆ.

ದಾರಿ

ಒಟ್ಟು ದೂರ ಮೂರು ಕಿಲೋಮೀಟರ್ ಆಸುಪಾಸು. ಮೂರು ಗಂಟೆ ಸಾಕು. ಚರ್ಚ್‌ಗೇಟ್‌ನಲ್ಲೋ ಸಿಎಸ್‌ಎಂಟಿಯಲ್ಲೋ ರೈಲು ಇಳಿದು ನಡೆದು ಬರಬಹುದು. ಮೆಟ್ರೊ ಮೂರನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಶುರುವಾದ ಮೇಲೆ ಹುತಾತ್ಮಾ ಚೌಕ್ ನಿಲ್ದಾಣವೇ ಹತ್ತಿರ.

ಫೋರ್ಟ್‌ನ ಪ್ರೆಸ್ಕಾಟ್ ರಸ್ತೆಯಿಂದ ಶುರು ಮಾಡುವುದು ಒಳ್ಳೆಯದು. ಅಲ್ಲಿ ಕ್ವೀನ್ಸ್ ಮ್ಯಾನ್ಷನ್‌ನ ಮೂರನೇ ಮಹಡಿಯಲ್ಲಿ ಕೆಮೋಲ್ಡ್ ಗ್ಯಾಲರಿ ಇದೆ. ಚಿತ್ರಕ್ಕೆ ಫ್ರೇಮ್ ಹಾಕಿಕೊಡುವ ವ್ಯಾಪಾರದಲ್ಲಿದ್ದ ಕೇಕೂ ಗಾಂಧಿ, ಹೆಂಡತಿ ಖುರ್ಶೀದ್ ಜೊತೆ ಸೇರಿ 1963ರಲ್ಲಿ ಇದನ್ನು ಜಹಾಂಗೀರ್ ಆರ್ಟ್ ಗ್ಯಾಲರಿಯ ಮೊದಲ ಮಹಡಿಯಲ್ಲಿ ತೆರೆದರು. 2007ರಲ್ಲಿ ಅದು ಈಗಿನ ಜಾಗಕ್ಕೆ ಬಂತು. ದೊಡ್ಡ ದೊಡ್ಡ ಕೃತಿಗಳಿಗೆ ಬೇಕಾದ ಎತ್ತರದ ಗೋಡೆ ಇಲ್ಲಿದೆ. ಮೊದಲ ಗ್ಯಾಲರಿಯಲ್ಲೇ ಕಣ್ಣಿಗೆ ಒಂದಿಷ್ಟು ಅಗಲ ಸಿಕ್ಕರೆ ಮುಂದಿನ ಚಿಕ್ಕ ಕೋಣೆಗಳು ಉಸಿರು ಕಟ್ಟಿಸುವುದಿಲ್ಲ.

ಅಲ್ಲಿಂದ ಕಾಲಾ ಘೋಡಾ ಕಡೆ ನಡೆಯಿರಿ. 1952ರಲ್ಲಿ ತೆರೆದ ಜಹಾಂಗೀರ್ ಇಲ್ಲಿದೆ, ಪ್ರವೇಶ ಉಚಿತ. ಇದು ಬೇರೆಯವುಗಳ ಹಾಗಲ್ಲ. ಖಾಸಗಿ ಗ್ಯಾಲರಿ ತನ್ನ ಕಲಾವಿದರನ್ನು ತಾನೇ ಆರಿಸಿಕೊಳ್ಳುತ್ತದೆ. ಇಲ್ಲಿ ಕಲಾವಿದರೇ ಅರ್ಜಿ ಹಾಕಿ, ಸರದಿ ಕಾದು, ಬಾಡಿಗೆ ಕೊಟ್ಟು ಒಂದು ವಾರಕ್ಕೆ ಹಾಲ್ ಹಿಡಿಯುತ್ತಾರೆ. ಹಾಗಾಗಿ ಸಾಂಗಲಿಯ ಡ್ರಾಯಿಂಗ್ ಮೇಷ್ಟರ ಜಲವರ್ಣವೂ ದಿಲ್ಲಿಯ ದುಬಾರಿ ಕಲಾವಿದರ ಕ್ಯಾನ್ವಾಸೂ ಅಕ್ಕಪಕ್ಕ ಸಿಗಬಹುದು. ಕಲಾವಿದರು ಸಾಮಾನ್ಯವಾಗಿ ಅಲ್ಲೇ ಕುರ್ಚಿ ಹಾಕಿ ಕೂತಿರುತ್ತಾರೆ, ಮಾತಾಡಿಸಿದರೆ ಖುಷಿ ಪಡುತ್ತಾರೆ. ಸಮಕಾಲೀನ ಕಲೆಯ ನಡಿಗೆಗಳು ಜಹಾಂಗೀರನ್ನು ‘ಹಳೇ ಕಾಲದ್ದು’ ಅಂತ ಬಿಟ್ಟು ಮುಂದೆ ಹೋಗುವುದುಂಟು. ನನಗೆ ಇದು ಸರಿ ಕಾಣುವುದಿಲ್ಲ. ಹೊರಗೆ ಫುಟ್‌ಪಾತ್ ಮೇಲೂ ಕಲಾವಿದರು ಚಿತ್ರ ಇಟ್ಟಿರುತ್ತಾರೆ. ಐದು ನಿಮಿಷ ಅಲ್ಲೂ ನಿಲ್ಲಿ.

ರೀಗಲ್ ವೃತ್ತದ ಕಡೆಗಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎ, ಸರ್ಕಾರದ್ದು. ಭಾರತೀಯರಿಗೆ 20 ರೂಪಾಯಿ ಟಿಕೆಟ್, ಸೋಮವಾರ ರಜೆ. ಹಳೇ ಸಾರ್ವಜನಿಕ ಸಭಾಂಗಣವೊಂದನ್ನು ಮಾರ್ಪಡಿಸಿ 1996ರಲ್ಲಿ ಗ್ಯಾಲರಿ ಮಾಡಿದ್ದಾರೆ. ಅರ್ಧಚಂದ್ರದಂಥ ಅಂತಸ್ತುಗಳು ಒಂದರ ಮೇಲೊಂದು. ಹತ್ತುತ್ತಾ ಹೋದರೆ ಕೊನೆಗೆ ಗುಮ್ಮಟದ ಕೆಳಗೆ ಬಂದು ನಿಲ್ಲುತ್ತೀರಿ. ಸಮಯ ಕಮ್ಮಿ ಇದ್ದರೆ ಇದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ಅವಸರದಲ್ಲಿ ನೋಡುವ ಜಾಗವಲ್ಲ.

ಮುಂದೆ ತಾಜ್ ಹಿಂದಿನ ಮೆರಿವೆದರ್ ರಸ್ತೆ. ಸನ್ನಿ ಹೌಸ್ ಎಂಬ ಕಟ್ಟಡದಲ್ಲಿ ಮೀರ್‌ಚಂದಾನಿ ಪ್ಲಸ್ ಸ್ಟೈನ್‌ರೂಕೆ ಮತ್ತು ಕೋಲ್ಕತ್ತಾ ಮೂಲದ ಎಕ್ಸ್‌ಪೆರಿಮೆಂಟರ್, ಅದೇ ರಸ್ತೆಯ ದೇವಿದಾಸ್ ಮ್ಯಾನ್ಷನ್‌ನ ಮೂರನೇ ಮಹಡಿಯಲ್ಲಿ ಝವೇರಿ ಕಂಟೆಂಪೊರರಿ. ಒಂದೇ ಬೀದಿಯಲ್ಲಿ ಮೂರು ಗ್ಯಾಲರಿ. ವಾಚ್‌ಮನ್‌ಗೆ ‘ಗ್ಯಾಲರಿ’ ಅಂದರೆ ಸಾಕು, ಮೆಟ್ಟಿಲ ಕಡೆ ಕೈ ತೋರಿಸುತ್ತಾನೆ. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಕೊಲಾಬಾ ಫೈರ್ ಸ್ಟೇಷನ್ ಹತ್ತಿರದ ಪ್ರಾಜೆಕ್ಟ್ 88 ಗ್ಯಾಲರಿಗೂ ಹೋಗಿ. ಹಳೇ ಪ್ರಿಂಟಿಂಗ್ ಪ್ರೆಸ್ ಇದ್ದ ಉದ್ದನೆಯ ಜಾಗ ಅದು.

ಒಳಗೆ ಹೋದ ಮೇಲೆ

ಬಾಗಿಲ ಬಳಿಯ ಮೇಜಿನ ಮೇಲೆ ಎ4 ಹಾಳೆಗಳು ಇರುತ್ತವೆ. ಒಂದು ಪ್ರದರ್ಶನದ ಟಿಪ್ಪಣಿ, ಇನ್ನೊಂದು ಕೃತಿಗಳ ಪಟ್ಟಿ. ಪಟ್ಟಿ ತಗೊಳ್ಳಿ. ಟಿಪ್ಪಣಿ ಬ್ಯಾಗಿಗೆ ಹಾಕಿ, ಈಗಲೇ ಓದಬೇಡಿ. ಈ ಟಿಪ್ಪಣಿಗಳ ಇಂಗ್ಲಿಷು ಇಂಗ್ಲಿಷ್ ಬಲ್ಲವರಿಗೇ ತಲೆನೋವು. ಮೊದಲು ಅದನ್ನು ಓದಿದರೆ ಗೋಡೆಯ ಮೇಲಿರುವುದನ್ನು ಬಿಟ್ಟು ಹಾಳೆಯಲ್ಲಿರುವುದನ್ನೇ ಹುಡುಕಲು ಶುರು ಮಾಡುತ್ತೇವೆ.

ಕೃತಿಯ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ, ಇಲ್ಲದಿದ್ದರೆ ಕೈಯಲ್ಲಿರುವ ಪಟ್ಟಿಯಲ್ಲಿ ಅದೇ ವಿವರ. ಹೆಸರು, ಇಸವಿ, ಯಾವುದರಿಂದ ಮಾಡಿದ್ದು, ಅಳತೆ. ಇದರಲ್ಲಿ ಮೂರನೆಯದನ್ನು ಮೊದಲು ಓದಿ. ‘ಇದರ ಅರ್ಥ ಏನು?’ ಅನ್ನುವ ಪ್ರಶ್ನೆ ನಮ್ಮನ್ನು ಸುಮ್ನೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗೆ ಮಾಡುತ್ತದೆ. ‘ಇದು ಯಾವುದರಿಂದ ಮಾಡಿದ್ದು?’ ಅಂತ ಕೇಳಿದರೆ ದಾರಿ ಬಿಚ್ಚಿಕೊಳ್ಳುತ್ತದೆ.

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡರ ಒಂದು ಕೆಲಸವನ್ನೇ ನೋಡಿ. 2009ರದ್ದು, ಈಗ ಲಂಡನ್‌ನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ಗೋಡೆಯಲ್ಲಿ ಹೊಳೆಯುವ ಸ್ಟೀಲ್ ಬಣ್ಣದ ಉದ್ದನೆ ತುಂಡುಗಳು, ಅವನ್ನು ಸುತ್ತಿಕೊಂಡು, ಜೋತುಬಿದ್ದು, ನೆಲದ ಮೇಲೆ ಗುಡ್ಡೆಯಾದ ಕಪ್ಪು ಹಗ್ಗ. ದೂರದಿಂದ ಇಷ್ಟೇ. ಚೀಟಿ ಓದಿದರೆ ಹಗ್ಗ ಮನುಷ್ಯರ ಕೂದಲಿನದು, ತುಂಡುಗಳು ಕಾರಿನ ಬಂಪರ್. ಹಗ್ಗದ ಉದ್ದ ಸುಮಾರು ನಾಲ್ಕು ಕಿಲೋಮೀಟರ್. ಲಂಡನ್‌ನವರಿಗೆ ಇದನ್ನು ಪುಟಗಟ್ಟಲೆ ವಿವರಿಸಬೇಕು. ನಮಗೆ ಬೇಕಾ? ದೇವಸ್ಥಾನದಲ್ಲಿ ಮುಡಿ ಕೊಡುವುದನ್ನು ನೋಡಿದ್ದೇವೆ. ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕೂದಲಿನ ಹಗ್ಗ ಕಟ್ಟುವುದನ್ನೂ ನೋಡಿದ್ದೇವೆ. ಹರಕೆ ಹೊತ್ತ ಎಷ್ಟೋ ಜನರ ತಲೆಯ ಕೂದಲು ಬಂಪರ್‌ಗಳ ಭಾರ ಹೊತ್ತಂತೆ ನಿಂತಿದೆ ಅಂತ ಹೊಳೆಯಲು ಕಲಾ ಶಾಲೆಗೆ ಹೋಗಬೇಕಿಲ್ಲ. ಇದೇ ಕಲಾವಿದೆ ಸಗಣಿ, ಕುಂಕುಮ, ದಾರಗಳಲ್ಲೂ ಕೆಲಸ ಮಾಡಿದ್ದಾರೆ. ನಿಮ್ಮ ಗುಂಪಿನಲ್ಲಿ ಗೈಡ್‌ಗಿಂತ ಜಾಸ್ತಿ ನಿಮಗೇ ಗೊತ್ತಿರುವ ವಸ್ತು ಎದುರಾದರೆ ಬಾಯಿ ಬಿಟ್ಟು ಹೇಳಿ.

ಕನ್ನಡದವರ ನಂಟು ಈ ಊರಿನ ಕಲೆಗೆ ಹಳೆಯದು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಇಲ್ಲಿನ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತು, ಇಲ್ಲೇ ನೆಲೆಸಿ ದೊಡ್ಡ ಹೆಸರಾದರು. ಬೆಂಗಳೂರಿನ ಎನ್. ಪುಷ್ಪಮಾಲಾ ತೊಂಬತ್ತರ ದಶಕದ ಕೊನೆಯಲ್ಲಿ ಮುಖವಾಡ ತೊಟ್ಟ ಸಾಹಸಿ ನಾಯಕಿಯ ವೇಷದಲ್ಲಿ ತಾವೇ ನಿಂತು ಮುಂಬೈನಲ್ಲಿ ಒಂದು ಫೋಟೋ ಸರಣಿ ಮಾಡಿದರು. ಹಳೇ ಹಿಂದಿ ಸಿನಿಮಾದ ಸ್ಟಿಲ್‌ಗಳ ಥರ ಕಾಣುತ್ತದೆ, ನಗುವೂ ಬರುತ್ತದೆ. ಸಮಕಾಲೀನ ಕಲೆ ಅಂದರೆ ಮುಖ ಗಂಟಿಕ್ಕಿಕೊಂಡೇ ನೋಡಬೇಕು ಅಂತೇನಿಲ್ಲ.

ವಿಡಿಯೊ ಕೃತಿ ಇದ್ದರೆ ಕತ್ತಲ ಕೋಣೆಗೆ ಹೋಗಿ ಒಂದು ನಿಮಿಷ ಗೋಡೆ ಪಕ್ಕ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ವಿಡಿಯೊ ತಿರುಗಿ ತಿರುಗಿ ಬರುತ್ತಿರುತ್ತದೆ, ಮಧ್ಯದಲ್ಲಿ ಹೋದರೂ ನಷ್ಟವಿಲ್ಲ. ಬೆನ್ನಿನ ಬ್ಯಾಗು ಎದೆ ಕಡೆಗೆ ಹಾಕಿಕೊಳ್ಳಿ. ಫೋಟೋ ತೆಗೆಯುವ ಮುಂಚೆ ಕೇಳಿ, ಫ್ಲ್ಯಾಶ್ ಬೇಡವೇ ಬೇಡ. ನೆಲದ ಮೇಲೆ ಏನಾದರೂ ಬಿದ್ದಿದ್ದರೆ ಅದೂ ಕೃತಿಯೇ ಇರಬಹುದು, ಕಾಲಲ್ಲಿ ಸರಿಸಬೇಡಿ!

ರೇಟು ಕೇಳಬಹುದಾ?

ಧಾರಾಳವಾಗಿ. ಇದು ಅಂಗಡಿ ಕೂಡ ಹೌದು. ಬೆಲೆ ಗೋಡೆಯ ಮೇಲೆ ಬರೆದಿರುವುದಿಲ್ಲ, ಗ್ಯಾಲರಿಯವರ ಹತ್ತಿರ ಪ್ರೈಸ್ ಲಿಸ್ಟ್ ಇರುತ್ತದೆ. ‘ಲಿಸ್ಟ್ ನೋಡಬಹುದಾ?’ ಅಂತ ಕೇಳಿ. ಕೊಡಬಹುದು, ಕೊಡದೆಯೂ ಇರಬಹುದು. ಪಟ್ಟಿಯಲ್ಲೋ ಚೀಟಿಯ ಪಕ್ಕದಲ್ಲೋ ಕೆಂಪು ಚುಕ್ಕಿ ಇದ್ದರೆ ಮಾರಾಟವಾಗಿದೆ ಅಂತ. ಫೋಟೋ ಅಥವಾ ಪ್ರಿಂಟ್ ಪಕ್ಕದಲ್ಲಿ 2/5 ಅಂತಿದ್ದರೆ ಒಟ್ಟು ಐದು ಪ್ರತಿಗಳಲ್ಲಿ ಇದು ಎರಡನೆಯದು. ಬೆಲೆಯ ಒಂದು ದೊಡ್ಡ ಪಾಲು, ಎಷ್ಟೋ ಕಡೆ ಅರ್ಧ, ಗ್ಯಾಲರಿಗೆ ಹೋಗುತ್ತದೆ. ಲಕ್ಷಗಳ ಅಂಕಿ ಕಂಡು ಕಲಾವಿದರು ಕುಬೇರರಾದರು ಅಂದುಕೊಳ್ಳಬೇಡಿ.

ಗೈಡ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಒಂದು ಗ್ಯಾಲರಿ ಬೋರ್ ಹೊಡೆಸಿದರೆ ಮೂಲೆಯ ಬೆಂಚಿನಲ್ಲಿ ಕೂತುಬಿಡಿ. ಹದಿನೈದು ಕೃತಿ ಓಡೋಡಿ ನೋಡುವುದಕ್ಕಿಂತ ಎರಡರ ಮುಂದೆ ನಿಂತದ್ದೇ ಲಾಭ. ನಡಿಗೆ ಮುಗಿದ ಮೇಲೆ ಎಲ್ಲಾದರೂ ಚಹಾ ಕುಡಿಯುತ್ತಾ ಬ್ಯಾಗಿನಲ್ಲಿದ್ದ ಟಿಪ್ಪಣಿಗಳನ್ನು ತೆಗೆದು ಓದಿ. ಈಗ ಅವು ಒಂದಿಷ್ಟು ಅರ್ಥವಾಗುತ್ತವೆ. ಅಥವಾ ಬರೆದವರಿಗೂ ಅರ್ಥವಾಗಿಲ್ಲ ಅನ್ನುವುದು ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಇರುವವರು

ಇಲ್ಲಿ ಗ್ಯಾಲರಿಗಳು ಒಂದೇ ಕಡೆ ಇಲ್ಲ, ಹಾಗಾಗಿ ಜೋಡಿ ಮಾಡಿಕೊಂಡು ನೋಡಬೇಕು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ಇರುವ ಎನ್‌ಜಿಎಂಎ ನೋಡಿ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ನಡೆದೇ ಹೋಗಬಹುದು. ವಿಲ್ಸನ್ ಗಾರ್ಡನ್‌ನ ಸುಮುಖ ಗ್ಯಾಲರಿ ಮತ್ತು ಶಾಂತಿನಗರದ ‘1 ಶಾಂತಿ ರೋಡ್’ ಎಂಬ ಕಲಾ ತಾಣ ಇನ್ನೊಂದು ಜೋಡಿ, ನಡುವೆ ಆಟೋ ಹಿಡಿದರೆ ಬೇಗ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಬೇಕೇ ಬೇಕು, ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿಯಿರಿ. ಎನ್‌ಜಿಎಂಎ, ಮ್ಯಾಪ್ ಎರಡಕ್ಕೂ ಸೋಮವಾರ ರಜೆ.