ಬಾಣ ಬಿಟ್ಟ ಮೇಲಿನ ಆರು ಗಂಟೆ

ಬಾಣ ತಗುಲಿದ ಸದ್ದೇ ನನಗೆ ಸರಿಬೀಳಲಿಲ್ಲ. ಪಕ್ಕೆಲುಬಿಗೆ ಬಡಿದ ಗಟ್ಟಿ ಸದ್ದಾಗಿರದೆ ಒದ್ದೆ ಗೋಣಿಚೀಲಕ್ಕೆ ಗುದ್ದಿದಂಥ ಮಂದ ಸದ್ದು ಅದು. ಗಂಡು ಜಿಂಕೆ ಹುಚ್ಚೆದ್ದು ಓಡಲಿಲ್ಲ. ನಾಲ್ಕು ನೆಗೆತ ನೆಗೆದು, ಕ್ಷಣಕಾಲ ನಿಂತು, ಬೆನ್ನನ್ನು ತುಸು ಗೂನಾಗಿಸಿಕೊಂಡು, ಬಾಲ ಇಳಿಬಿಟ್ಟು, ತೊರೆಯ ಕಡೆಯ ಪೊದೆಗಳತ್ತ ನಡೆದುಹೋಯಿತು. ನವೆಂಬರ್ 8, ಬೆಳಿಗ್ಗೆ 7 ಗಂಟೆ 40 ನಿಮಿಷ. ಬಿಲ್ಲನ್ನು ಕೊಕ್ಕೆಗೆ ತೂಗುಹಾಕಿ, ಅದು ಕೊನೆಯದಾಗಿ ಕಂಡ ಜಾಗವನ್ನು ಒಂದು ಬಿದ್ದ ಮರದ ಬುಡದ ಗುರುತಿನಿಂದ ನೆನಪಿಟ್ಟುಕೊಂಡು, ಅರ್ಧ ಗಂಟೆ ಅಲ್ಲಾಡದೆ ಕುಳಿತೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಅದರ ನೈಋತ್ಯ ಭಾಗದ, ಹಿಮನದಿಗಳು ಸವರದೆ ಬಿಟ್ಟ ಡ್ರಿಫ್ಟ್‌ಲೆಸ್ ಸೀಮೆಯ ಗುಡ್ಡಕಣಿವೆಗಳು ನೋಡುವುದಕ್ಕೆ ನಮ್ಮ ಮಲೆನಾಡನ್ನು ನೆನಪಿಸುತ್ತವೆ. ಅಜ್ಜನ ಕಾಲದಲ್ಲಿ ಊರಿನವರು ಮರಸು ಕೂರುತ್ತಿದ್ದ, ಅಂದರೆ ಬೇಟೆಗಾಗಿ ಮರೆಯಲ್ಲಿ ಹೊಂಚುಹಾಕಿ ಕೂರುತ್ತಿದ್ದ, ಕಥೆಗಳನ್ನು ಕೇಳಿ ಬೆಳೆದವನು ನಾನು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನನಗೆ ಅದು ಬರೀ ಕಥೆಯಾಗಿತ್ತು. ಇಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಪರವಾನಗಿ ಇದೆ, ಋತು ಇದೆ, ಮತ್ತು 1973ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಬೇಟೆಯ ಸುರಕ್ಷತಾ ತರಬೇತಿ ಕಡ್ಡಾಯ. ಆ ತರಬೇತಿಯಲ್ಲಿ ಗುರಿಯಿಡುವುದನ್ನು ಹೇಳಿಕೊಟ್ಟಷ್ಟೇ ಒತ್ತುಕೊಟ್ಟು ಗಾಯಗೊಂಡ ಪ್ರಾಣಿಯನ್ನು ಹುಡುಕುವುದನ್ನೂ ಹೇಳಿಕೊಟ್ಟಿದ್ದರು. ಅದನ್ನು ನಾನು ಮೊದಲ ವರ್ಷ ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ದಿನ ಕುಳಿತಿದ್ದು ಓಕ್ ಮರವೊಂದರ ಮೇಲೆ, 18 ಅಡಿ ಎತ್ತರದ ಅಟ್ಟಣೆಯಲ್ಲಿ, ಮೈತುಂಬ ಸುರಕ್ಷತಾ ಪಟ್ಟಿ ಬಿಗಿದುಕೊಂಡು. ಮುಂಜಾನೆಯ ತಣ್ಣನೆಯ ಗಾಳಿ ಗುಡ್ಡದಿಂದ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ತಿರುಗಿ ಮೇಲಕ್ಕೇರುತ್ತದೆ. ಆದ್ದರಿಂದ ಬೆಳಗಿನ ಹೊತ್ತು ಜಿಂಕೆಗಳ ಜಾಡಿಗಿಂತ ಕೆಳಗೆ ಕುಳಿತರೆ ಮಾತ್ರ ನಮ್ಮ ವಾಸನೆ ಅವುಗಳ ಮೂಗಿಗೆ ಬೀಳುವುದಿಲ್ಲ. ಬೆದೆಯ ಕಾಲವಾದ್ದರಿಂದ ಗಂಡುಗಳು ಹಗಲಿನಲ್ಲೂ ಹೆಣ್ಣುಗಳ ಬೆನ್ನು ಹತ್ತಿ ಅಲೆಯುತ್ತಿದ್ದವು. ಎರಡೂ ಕೊಂಬು ಸೇರಿ ಎಂಟು ಕವಲಿನ ಈ ಗಂಡು, ನೆಲದ ವಾಸನೆ ಹಿಡಿಯುತ್ತ ಬಂದು, 22 ಗಜ ದೂರದಲ್ಲಿ ನನ್ನಿಂದ ಓರೆಯಾಗಿ ಮುಖ ಆಚೆ ಮಾಡಿ ನಿಂತಿತು.

ತಪ್ಪು ನಡೆದದ್ದು ಅಲ್ಲಿಯೇ. ಓರೆಯಾಗಿ ನಿಂತ ಪ್ರಾಣಿಯಲ್ಲಿ ಬಾಣ ಒಳಹೊಗುವ ಜಾಗವನ್ನು ನೋಡಬಾರದು, ಆಚೆ ಬದಿಯ ಮುಂಗಾಲಿನ ನೇರಕ್ಕೆ ಹೊರಬೀಳುವಂತೆ ಗುರಿ ಹಿಡಿಯಬೇಕು. ನಾನು ಹಾಗೆಯೇ ಹಿಡಿದಿದ್ದೆನೆಂದು ನಂಬಿದ್ದೇನೆ. ಆದರೆ ಹೆದೆ ಎಳೆಯಲು 55 ಪೌಂಡಿನ ಬಲ ಬೇಡುವ, ತುದಿಗಳಲ್ಲಿ ರಾಟೆಗಳಿರುವ ನನ್ನ ಕಾಂಪೌಂಡ್ ಬಿಲ್ಲಿನಿಂದ ಸೆಕೆಂಡಿಗೆ ಸುಮಾರು 260 ಅಡಿ ವೇಗದಲ್ಲಿ ಹೊರಟ ಬಾಣಕ್ಕೆ 22 ಗಜ ದಾಟಲು ಕಾಲು ಸೆಕೆಂಡು ಬೇಕು, ಹೆದೆಯ ಸದ್ದು ಅದರ ಕಾಲು ಭಾಗದ ಸಮಯದಲ್ಲೇ ಜಿಂಕೆಯ ಕಿವಿ ಮುಟ್ಟುತ್ತದೆ. ಸದ್ದಿಗೆ ಬೆಚ್ಚಿತೋ, ಅದಕ್ಕೆ ಮೊದಲೇ ಕಾಲೆತ್ತಿತ್ತೋ, ಅಂತೂ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು; ಬಾಣ ಒಂದು ಗೇಣು ಹಿಂದೆ ಬಿತ್ತು.

ಸದ್ದಾಗದಂತೆ ಇಳಿದು ಬಾಣವನ್ನು ಹುಡುಕಿದೆ. ಅದು ದೇಹದಿಂದ ಪಾರಾಗಿ ತರಗೆಲೆಗಳಡಿ ಮಣ್ಣಿಗೆ ನಾಟಿಕೊಂಡಿತ್ತು. ಶ್ವಾಸಕೋಶಕ್ಕೆ ತಗುಲಿದ ಬಾಣದ ಮೇಲೆ ನಸುಗೆಂಪಿನ, ಸಣ್ಣ ಗುಳ್ಳೆಗಳಿರುವ ನೆತ್ತರಿರುತ್ತದೆ. ಹೊಟ್ಟೆಗೆ ತಗುಲಿದ್ದರೆ ಹಸಿರು ಲೋಳೆ ಮತ್ತು ಹುಳಿ ನಾತ. ನನ್ನ ಬಾಣದ ಗರಿಗಳನ್ನು ಬಿಳಿ ಕಾಗದಕ್ಕೆ ಒರೆಸಿದಾಗ ಬಂದದ್ದು ಕೋಕಮ್ ಹಣ್ಣಿನಂಥ ಕಡುಗೆಂಪು. ಗುಳ್ಳೆಯಿಲ್ಲ, ಮೂಸಿದರೆ ನಾತವೂ ಇಲ್ಲ. ಪಿತ್ತಜನಕಾಂಗ. ಅಂಥ ಪೆಟ್ಟು ತಿಂದ ಜಿಂಕೆ ಸಾಯುವುದು ಖಚಿತ, ಆದರೆ ನಿಧಾನವಾಗಿ. ಬೆನ್ನಟ್ಟದಿದ್ದರೆ ನೂರಿನ್ನೂರು ಗಜದೊಳಗೆ ಎಲ್ಲಾದರೂ ಮಲಗುತ್ತದೆ, ಬೆನ್ನಟ್ಟಿದರೆ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಹಿಂದಿನ ವರ್ಷ ಇಂಥದೇ ನೆತ್ತರನ್ನು ನೋಡಿಯೂ ನಲವತ್ತು ನಿಮಿಷಕ್ಕೇ ಹೊರಟು, ಮಲಗಿದ್ದ ಜಿಂಕೆಯನ್ನು ಎಬ್ಬಿಸಿ, ಅದನ್ನು ಶಾಶ್ವತವಾಗಿ ಕಳೆದುಕೊಂಡಿದ್ದೆ. ಆ ಚಳಿಗಾಲವಿಡೀ ಬಿಲ್ಲು ಮುಟ್ಟಲಿಲ್ಲ.

ಹಾಗಾಗಿ ಈ ಸಲ ಬಂದ ದಾರಿಯಲ್ಲೇ ಹಿಂದಿರುಗಿ ಕಾರಿನಲ್ಲಿ ಕುಳಿತೆ. ಹೊರಗೆ 3 ಡಿಗ್ರಿ ಸೆಲ್ಸಿಯಸ್, ಮಳೆಯ ಸೂಚನೆಯಿಲ್ಲ. ಮಾಂಸ ಕೆಡುವ, ನೆತ್ತರು ತೊಳೆದುಹೋಗುವ ಭಯವಿರಲಿಲ್ಲ. ಫ್ಲಾಸ್ಕಿನ ಕಾಫಿ ಮುಗಿಯಿತು, ಚಿತ್ರಾನ್ನ ಮುಗಿಯಿತು, ಗಡಿಯಾರ ಮಾತ್ರ ಮುಂದೆ ಹೋಗಲೊಲ್ಲದು. ಆಚೆ ದಂಡೆಯ ಜಮೀನು ಬೇರೊಬ್ಬ ರೈತರದು, ಮತ್ತು ಇಲ್ಲಿ ಗಾಯಗೊಂಡ ಜಿಂಕೆಯ ನೆಪ ಹೇಳಿ ಒಪ್ಪಿಗೆಯಿಲ್ಲದೆ ಯಾರ ಹೊಲಕ್ಕೂ ಕಾಲಿಡುವಂತಿಲ್ಲ. ಅವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಆ ಹಿರಿಯರು, "ಹುಡುಕಿಕೊಳ್ಳಿ, ಗೇಟು ಮಾತ್ರ ಮುಚ್ಚಿಕೊಂಡು ಬನ್ನಿ" ಎಂದಷ್ಟೇ ಹೇಳಿದರು.

1 ಗಂಟೆ 40 ನಿಮಿಷಕ್ಕೆ ಜಾಡು ಹಿಡಿದೆ. ನೆತ್ತರ ಸಾಲಿನ ಮೇಲೆ ನಡೆಯದೆ ಅದರ ಪಕ್ಕದಲ್ಲಿ ನಡೆಯುತ್ತ, ಪ್ರತಿ ಹನಿಯ ಜಾಗದಲ್ಲೂ ಕೊಂಬೆಗೆ ಟಾಯ್ಲೆಟ್ ಕಾಗದದ ಚೂರು ಸಿಕ್ಕಿಸುತ್ತ ಹೋದೆ. ಹಿಂತಿರುಗಿ ನೋಡಿದರೆ ಆ ಬಿಳಿ ಚೂರುಗಳ ಸಾಲೇ ಪ್ರಾಣಿ ಹಿಡಿದ ದಿಕ್ಕನ್ನು ಹೇಳುತ್ತದೆ. ನವೆಂಬರಿನ ಓಕ್, ಮೇಪಲ್ ಎಲೆಗಳ ಮೇಲೆ ಹುಟ್ಟಿನಿಂದಲೇ ಕೆಂಪು ಚುಕ್ಕೆಗಳಿರುವುದು ದೊಡ್ಡ ಕಾಟ. ಸಂದೇಹ ಬಂದಲ್ಲಿ ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ: ನೆತ್ತರಾದರೆ ಬೆರಳಿಗೆ ಹತ್ತುತ್ತದೆ, ಎಲೆಯ ಚುಕ್ಕೆ ಹತ್ತುವುದಿಲ್ಲ. ಒಣಗಿಹೋದ ಕಡೆ ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿದೆ. ನೆತ್ತರಿದ್ದಲ್ಲಿ ಅದು ಬಿಳಿ ನೊರೆ ಕಾರುತ್ತದೆ.

ನೂರಿಪ್ಪತ್ತು ಹೆಜ್ಜೆಯಲ್ಲಿ ಅದು ಮಲಗಿದ್ದ ಜಾಗ ಸಿಕ್ಕಿತು. ತಟ್ಟೆಯಗಲ ಹೆಪ್ಪುಗಟ್ಟಿದ ನೆತ್ತರು, ಒತ್ತಿಹೋದ ಹುಲ್ಲು. ಅಲ್ಲಿಂದಾಚೆ ಒಂದು ಹನಿಯೂ ಇಲ್ಲ. ಸುತ್ತ ಸುತ್ತಿದೆ, ಮೊಣಕಾಲೂರಿ ತಡಕಿದೆ. ಮುಕ್ಕಾಲು ಗಂಟೆ ಕಳೆಯಿತು. ಕೊನೆಗೆ ದಾರಿ ತೋರಿಸಿದ್ದು ನೆತ್ತರಲ್ಲ, ತರಗೆಲೆಗಳನ್ನು ಗೀರಿಕೊಂಡು ಹೋಗಿದ್ದ ಗೊರಸಿನ ಎಳೆತ. ಅದರ ಜೊತೆ ಹೊರಟರೆ ಬೇಲಿಯ ಕೆಳತಂತಿಯಲ್ಲಿ ನಾಲ್ಕು ಬಿಳಿ ಕೂದಲು, ಒಂದು ಒಣಗಿದ ಹನಿ. ಬೇಲಿಯಾಚೆ, ತೊರೆಗೆ ಹತ್ತು ಗಜ ಈಚೆ, ಕುರುಚಲಿನ ಮರೆಯಲ್ಲಿ ಗಂಡು ಸತ್ತು ಬಿದ್ದಿತ್ತು. ಉದ್ದನೆಯ ಕೋಲಿನಿಂದ ಕಣ್ಣು ಮುಟ್ಟಿ ನೋಡಿ, ರೆಪ್ಪೆ ಮಿಸುಕದಿದ್ದಾಗಲೇ ಹತ್ತಿರ ಹೋದೆ.

ಕರುಳು ತೆಗೆಯುವಾಗ ಪಿತ್ತಜನಕಾಂಗವನ್ನು ಅಂಗೈಯಲ್ಲಿಟ್ಟು ನೋಡಿದೆ: ಬಾಣದ ಅಲಗಿನ ಮೂರು ಬಾಯಿಗಳ ಗುರುತು ನಕ್ಷತ್ರದಂತೆ ಸ್ಪಷ್ಟವಾಗಿತ್ತು. ಅದರಿಂದ ಇನ್ನೊಂದು ಗೇಣು ಹಿಂದಕ್ಕೆ ಜಠರ. ಹಾಗಾಗಿದ್ದರೆ ಕಾಯುವಿಕೆ ಹನ್ನೆರಡು ಗಂಟೆಗೇರಿ, ರಾತ್ರಿಯಾಗಿ, ತೋಳದ ಜಾತಿಯ ಕಯೋಟಿಗಳ ಪಾಲಾಗುವ ಸಂಭವವೂ ಇತ್ತು. ಬೇಟೆ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ನೋಂದಾಯಿಸಬೇಕೆಂಬ ನಿಯಮವಿದೆ. ಅದನ್ನು ಅಲ್ಲಿಯೇ ಫೋನಿನಲ್ಲಿ ಮುಗಿಸಿದೆ. ಗೇಟು ಮುಚ್ಚಿದೆ.

ಜಿಂಕೆಗಳ ಮಿದುಳಿಗೆ ತಗಲಿ ಅವುಗಳನ್ನು ಸೊರಗಿಸಿ ಕೊಲ್ಲುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಈ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾದಂದಿನಿಂದ ತಲೆಯನ್ನು ಪರೀಕ್ಷೆಗೆ ಕೊಡುವುದು ಈ ಸೀಮೆಯಲ್ಲಿ ರೂಢಿ. ಫಲಿತಾಂಶ ಬರುವವರೆಗೆ ಮಾಂಸವನ್ನು ಪೊಟ್ಟಣ ಕಟ್ಟಿ, ತಾರೀಖು ಬರೆದು, ಫ್ರೀಜರಿನಲ್ಲಿಟ್ಟೆವು. ಹದಿಮೂರನೆಯ ದಿನ ರೋಗವಿಲ್ಲವೆಂದು ತಿಳಿಯಿತು. ಹೆಂಡತಿ ಅಷ್ಟರಲ್ಲಿ ಕಾಳುಮೆಣಸು ಹುರಿದಿಟ್ಟಿದ್ದಳು.