ಕಿವಿಯಿಂದ ಕನ್ನಡ ಓದಲು ಕಲಿತದ್ದು

2013ರ ಮಳೆಗಾಲದ ಒಂದು ಬೆಳಿಗ್ಗೆ ಮುಂಬಯಿ ಬಳಿಯ ಡೊಂಬಿವಲಿಯ ಮನೆಯಲ್ಲಿ ಕನ್ನಡ ಪತ್ರಿಕೆ ಬಿಡಿಸಿ ಕುಳಿತಿದ್ದೆ. ತಲೆಬರಹದ ಒಂದೇ ಒಂದು ಪದ ಓದಲು ಕತ್ತನ್ನು ಮೂರು ಸಲ ಸರಿಸಬೇಕಾಯಿತು. ಒಂದು ಸಲಕ್ಕೆ ಒಂದಕ್ಷರ ಮಾತ್ರ ಕಣ್ಣಿಗೆ ಸಿಗುತ್ತಿತ್ತು. ಪತ್ರಿಕೆಯನ್ನು ಮಡಿಸಿ ಮೇಜಿನ ಮೇಲಿಟ್ಟೆ. ಆಮೇಲೆ ಯಾವ ಪತ್ರಿಕೆಯನ್ನೂ ಕಣ್ಣಿನಿಂದ ಓದಲಿಲ್ಲ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ವಂಶವಾಹಿಯಿಂದ ಬರುವ ಕಾಯಿಲೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕೋಶಗಳು ಅಕ್ಷಿಪಟಲದಲ್ಲಿ ಮೊದಲು ಸಾಯುತ್ತವೆ. ಹಾಗಾಗಿ ಶುರುವಾಗುವುದು ಇರುಳುಗುರುಡು. ಅನಂತರ ನೋಟದ ಅಂಚು ಸುತ್ತಲಿಂದಲೂ ಒಳಕ್ಕೆ ಸರಿಯುತ್ತಾ ಬಂದು ಕೊನೆಗೆ ಕೊಳವೆಯಲ್ಲಿ ಇಣುಕಿದಂತಾಗುತ್ತದೆ. ನನ್ನ ಬಗೆಯದಕ್ಕೆ ಔಷಧವಿಲ್ಲ ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಫೋರ್ಟ್‌ನ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಅದನ್ನು ಹೇಗಾದರೂ ಉಳಿಸಿಕೊಂಡೇನು ಎಂಬ ಧೈರ್ಯವಿತ್ತು. ಹೆದರಿಕೆಯಾದದ್ದು ಕನ್ನಡದ ವಿಷಯದಲ್ಲಿ. ಅಪ್ಪ ಮಾಟುಂಗದ ಹೋಟೆಲಿನಲ್ಲಿ ದುಡಿದು ನನ್ನನ್ನು ಮುಂಬಯಿಯ ಕನ್ನಡ ಶಾಲೆಗೇ ಕಳಿಸಿದ್ದರು. ಹೊರಗೆ ಮರಾಠಿ, ಕಚೇರಿಯಲ್ಲಿ ಹಿಂದಿ ಮತ್ತು ಇಂಗ್ಲಿಷ್. ನನ್ನ ಪಾಲಿಗೆ ಕನ್ನಡವೆಂದರೆ ಮುಕ್ಕಾಲು ಪಾಲು ಓದೇ ಆಗಿತ್ತು. ಓದು ನಿಂತರೆ ಭಾಷೆಯೂ ಮೆಲ್ಲಗೆ ಆರಿಹೋಗುತ್ತದೆ ಎಂದು ನಿಜವಾಗಿಯೂ ಹೆದರಿದ್ದೆ.

ನನಗೆ ಸ್ಕ್ರೀನ್ ರೀಡರ್ ಕಲಿಸಿದವನು ಹುಟ್ಟುಕುರುಡನಾದ ಇಪ್ಪತ್ತಮೂರರ ಹುಡುಗ. ಮೊದಲ ದಿನವೇ ನನ್ನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿಕೊಟ್ಟ. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶ ಅದು, ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಬರೆಯಲು ತೊಡಗಿದ್ದು, ಜೇಮ್ಸ್ ಟೇ ಜೊತೆಗೂಡಿ ಬೆಳೆಸಿದ್ದು. ಇಬ್ಬರೂ ದೃಷ್ಟಿಹೀನರು. ಅದನ್ನು ಕೇಳಿದಾಗ ನನ್ನಲ್ಲಿ ಏನೋ ಗಟ್ಟಿಯಾಯಿತು. 1976ರಲ್ಲಿ ರೇ ಕುರ್ಜ್‌ವೈಲ್ ಅಚ್ಚಿನ ಪುಟವನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅದು ಮೇಜಿನಷ್ಟು ಜಾಗ ಹಿಡಿಯುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಮಾಡುವ ವಸ್ತು ಈಗ ನನ್ನ ಅಂಗಿಯ ಜೇಬಿನಲ್ಲಿದೆ.

ಆದರೆ ಯಂತ್ರ ಓದಿದ ಮಾತ್ರಕ್ಕೆ ನಾನು ಓದಿದಂತಾಗಲಿಲ್ಲ. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ಧ್ವನಿಗೆ ಕನ್ನಡ ಬರುತ್ತದೆ, ಆದರೆ ತಗಡಿನ ಡಬ್ಬಿಯೊಳಗೆ ಕುಳಿತು ಮಾತನಾಡಿದಂತೆ ಕೇಳಿಸುತ್ತದೆ. ಮೊದಲ ವಾರ ಒಂದು ವಾಕ್ಯವೂ ಹಿಡಿತಕ್ಕೆ ಬರಲಿಲ್ಲ. ಆ ಹುಡುಗ ಒಂದು ಉಪಾಯ ಹೇಳಿದ: ಬಾಯಿಪಾಠ ಬರುವುದನ್ನೇ ಕೇಳಿ. ಶಾಲೆಯಲ್ಲಿ ಕಲಿತ ವಚನಗಳನ್ನು ಹಾಕಿಕೊಂಡೆ. ಮುಂದಿನ ಪದ ಮನಸ್ಸಿಗೆ ಮೊದಲೇ ಗೊತ್ತಿರುವುದರಿಂದ ಕಿವಿ ಆ ಪದದ ಮೇಲೆ ಆ ತಗಡಿನ ಸದ್ದನ್ನು ಕೂರಿಸಿಕೊಳ್ಳುತ್ತಾ ಹೋಯಿತು. ಮೂರು ವಾರದ ಹೊತ್ತಿಗೆ ಗೊತ್ತಿಲ್ಲದ ಗದ್ಯವೂ ಅರ್ಥವಾಗತೊಡಗಿತು.

ಆಮೇಲೆ ವೇಗ. ಎನ್‌ವಿಡಿಎಯಲ್ಲಿ ವೇಗಕ್ಕೆ ಸೊನ್ನೆಯಿಂದ ನೂರರವರೆಗೆ ಅಳತೆಯಿದೆ. ನಾನು ಇಪ್ಪತ್ತೈದರಲ್ಲಿ ಆರಂಭಿಸಿದೆ. ಪ್ರತಿ ಸೋಮವಾರ ಎರಡಂಕ ಏರಿಸುವುದು, ವಾರವಿಡೀ ಇಳಿಸದಿರುವುದು ಎಂಬ ನಿಯಮ ಹಾಕಿಕೊಂಡೆ. ಸೋಮವಾರ, ಮಂಗಳವಾರ ತಲೆ ಸಿಡಿಯುತ್ತಿತ್ತು. ಗುರುವಾರ ಅದು ಸಹಜವೆನಿಸುತ್ತಿತ್ತು. ಭಾನುವಾರದ ಹೊತ್ತಿಗೆ ನಿಧಾನವೆನಿಸುತ್ತಿತ್ತು. ಎಂಟು ತಿಂಗಳಲ್ಲಿ ತೊಂಬತ್ತನ್ನು ದಾಟಿದೆ. ಪಕ್ಕದಲ್ಲಿ ಕುಳಿತ ಸಹೋದ್ಯೋಗಿಗೆ ಅದು ಜೀರುಂಡೆಯ ಸದ್ದು. ನನಗೆ ಸ್ಪಷ್ಟ ವಾಕ್ಯ. ಆಗ ಆ ತಗಡಿನ ಧ್ವನಿಯ ಬೆಲೆಯೂ ತಿಳಿಯಿತು. ಇಸ್ಪೀಕ್ ಮನುಷ್ಯರ ಧ್ವನಿಮುದ್ರಣವನ್ನು ಕತ್ತರಿಸಿ ಜೋಡಿಸಿದ್ದಲ್ಲ. ಬಾಯಿಯೊಳಗೆ ಯಾವ ಕಂಪನಾಂಕಗಳು ಬಲಗೊಳ್ಳುತ್ತವೆ ಎಂಬ ಲೆಕ್ಕದಿಂದ ಹುಟ್ಟಿಸಿದ ಸದ್ದು. ವೇಗ ಹೆಚ್ಚಿಸಿದರೂ ವ್ಯಂಜನಗಳ ಅಂಚು ಮಸುಕಾಗುವುದಿಲ್ಲ. ಮಧುರವಾದ ಹೊಸ ಧ್ವನಿಗಳು ಕತೆ ಕೇಳಲು ಹಿತ, ಆದರೆ ಕೆಲಸಕ್ಕೆ ನಾನು ಇಂದಿಗೂ ತಗಡನ್ನೇ ನೆಚ್ಚಿದ್ದೇನೆ. ಬ್ರೈಲ್ ಓದುವಾಗ ದೃಷ್ಟಿಹೀನರ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೇ ಚುರುಕಾಗುತ್ತದೆ ಎಂದು 1996ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತ್ತು. ನನ್ನ ತಲೆಯೊಳಗೆ ಏನಾಯಿತೆಂದು ಯಾರೂ ಅಳೆದಿಲ್ಲ. ಆದರೂ ಆ ಎಂಟು ತಿಂಗಳಲ್ಲಿ ಯಾವುದೋ ಖಾಲಿ ಕೋಣೆಗೆ ಹೊಸ ಒಕ್ಕಲು ಬಂದ ಹಾಗೆ ನನಗೆ ಅನಿಸಿದ್ದುಂಟು.

ಇಂಗ್ಲಿಷಿನಲ್ಲಿ ಇಲ್ಲದ ತೊಡಕೊಂದು ಕನ್ನಡದಲ್ಲಿತ್ತು. ಗೆಳೆಯರು ಕಳಿಸಿದ ಕಡತ ತೆರೆದರೆ ಧ್ವನಿ ಹೇಳುತ್ತಿತ್ತು: "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್..." ಯಂತ್ರ ಕೆಟ್ಟಿದೆಯೆಂದೇ ತಿಳಿದಿದ್ದೆ. ಕೆಟ್ಟಿರಲಿಲ್ಲ. ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಿರುತ್ತಾರೆ. 'ಕನ್ನಡ' ಎಂದು ಕಾಣುವ ಪದದ ಅಡಿಯಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ ಕುಳಿತಿರುತ್ತದೆ. ನೋಡುವವರಿಗೆ ಒಂದಿಷ್ಟೂ ತೊಂದರೆಯಿಲ್ಲ, ನನಗೆ ಆ ಕಡತ ಕಲ್ಲು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೂ ಎಷ್ಟೋ ವರ್ಷ ಪುಸ್ತಕಗಳೂ ಆಮಂತ್ರಣಗಳೂ ಸಂಘದ ವರದಿಗಳೂ ಈ ಮುಖವಾಡದಲ್ಲೇ ಬರುತ್ತಿದ್ದವು. ಕನ್ನಡದ ಸ್ವಯಂಸೇವಕರು ಬರೆದ ಪರಿವರ್ತಕವೊಂದು ಸಿಕ್ಕ ದಿನ, ಎರಡು ವರ್ಷದಿಂದ ಕೂಡಿಟ್ಟಿದ್ದ ಕಡತಗಳನ್ನೆಲ್ಲ ಒಂದೇ ರಾತ್ರಿ ಯೂನಿಕೋಡಿಗೆ ತಿರುಗಿಸಿ ಬೆಳಗಿನ ಜಾವದವರೆಗೆ ಕೇಳಿದೆ. ಇಂದಿಗೂ ಯಾರಾದರೂ ಕನ್ನಡ ಬರಹ ಕಳಿಸುವುದಾದರೆ ನಾನು ಕೈಮುಗಿದು ಕೇಳಿಕೊಳ್ಳುವುದು ಒಂದೇ: ಯೂನಿಕೋಡಿನಲ್ಲಿ ಕಳಿಸಿ.

ಬರೆಯಲು ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತೆ. ಎಡಗೈಗೆ ಸ್ವರಗಳು, ಬಲಗೈಗೆ ಬಹುಪಾಲು ವ್ಯಂಜನಗಳು. ಎಫ್ ಮತ್ತು ಜೆ ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಉಬ್ಬುಗಳಿವೆಯಲ್ಲ, ಅಲ್ಲಿ ಸಿಗುವುದು ಗುಡಿಸು ಮತ್ತು 'ರ'. ಅಲ್ಲಿಂದ ಅಳೆದರೆ ಉಳಿದದ್ದೆಲ್ಲ ಬೆರಳಿಗೆ ಒದಗುತ್ತದೆ. ಭಾರತದ ಬಹುಪಾಲು ಲಿಪಿಗಳಿಗೆ ಈ ವಿನ್ಯಾಸ ಒಂದೇ. ಕನ್ನಡಕ್ಕೆ ಪಳಗಿದ ಬೆರಳುಗಳಿಂದಲೇ ನಮ್ಮ ಹೌಸಿಂಗ್ ಸೊಸೈಟಿಗೆ ಮರಾಠಿಯಲ್ಲಿ ಪತ್ರ ಬರೆದೆ! ಕಣ್ಣಿದ್ದಾಗ ಅದನ್ನು ಮಾಡಿರಲಿಲ್ಲ. ಇನ್ನೊಂದು ಹೊಸ ತಿಳಿವೂ ಸಿಕ್ಕಿತು. 'ಲಕ್ಷ್ಮಿ' ಎಂಬುದು ಕಣ್ಣಿಗೆ ಎರಡೇ ಗುಂಪು. ಯೂನಿಕೋಡಿನಲ್ಲಿ ಅದು ಏಳು ಸಂಕೇತಗಳ ಸರಪಣಿ: ಲ, ಕ, ವಿರಾಮ (ವ್ಯಂಜನಗಳನ್ನು ಬೆಸೆಯುವ ಗುರುತು), ಷ, ವಿರಾಮ, ಮ, ಗುಡಿಸು. ಒತ್ತಕ್ಷರದ ಒಳಗಿನ ಮೂಳೆಗಳನ್ನು ನಾನು ಮೊದಲ ಸಲ ಎಣಿಸಿದ್ದು ದೃಷ್ಟಿ ಹೋದ ಮೇಲೆ.

ಓಡಾಟದ ವಿಷಯವನ್ನೂ ಹೇಳಬೇಕು. ಮುಂಬಯಿಯ ಹಲವು ಲೋಕಲ್ ನಿಲ್ದಾಣಗಳಲ್ಲಿ ಅಂಗವಿಕಲರ ಡಬ್ಬಿ ಬಂದು ನಿಲ್ಲುವ ಜಾಗದಲ್ಲಿ ಬೀಪ್ ಸದ್ದು ಬರುತ್ತದೆ. ಜನಜಂಗುಳಿಯ ನಡುವೆ ಆ ಸದ್ದನ್ನು ಹಿಡಿದು ಹೋಗಿ ನಿಲ್ಲುತ್ತೇನೆ. ಮಾಮೂಲಿ ಇಯರ್‌ಫೋನ್ ಹಾಕಿದರೆ ಕಿವಿ ಮುಚ್ಚಿಹೋಗುತ್ತದೆ, ಅದು ನನ್ನಂಥವರಿಗೆ ಅಪಾಯ. ಆದ್ದರಿಂದ ಮೂಳೆಯ ಮೂಲಕ ಸದ್ದು ದಾಟಿಸುವ ಇಯರ್‌ಫೋನ್ ಕೊಂಡೆ. ಅದು ಕೆನ್ನೆಯ ಮೂಳೆಯನ್ನು ನಡುಗಿಸಿ ಒಳಗಿವಿಗೆ ನೇರವಾಗಿ ಸುದ್ದಿ ಮುಟ್ಟಿಸುತ್ತದೆ. ಫೋನ್ ದಾರಿ ಹೇಳುತ್ತಿರುತ್ತದೆ, ಎರಡೂ ಕಿವಿ ರಸ್ತೆಗೆ ತೆರೆದೇ ಇರುತ್ತವೆ. ಬಿಳಿಕೋಲಿಗೆ ದೆಹಲಿ ಐಐಟಿಯವರು ರೂಪಿಸಿದ ಸ್ಮಾರ್ಟ್‌ಕೇನ್ ಸಾಧನವನ್ನು ಜೋಡಿಸಿದ್ದೇನೆ. ಕೋಲು ಮುಟ್ಟುವುದು ಮೊಣಕಾಲಿನ ಕೆಳಗಿನದನ್ನು ಮಾತ್ರ. ಇದು ಬಾವಲಿಯ ಹಾಗೆ ಶ್ರವಣಾತೀತ ಶಬ್ದ ಬಿಟ್ಟು ಮೂರು ಮೀಟರ್ ಒಳಗಿನ ಅಡ್ಡಿಯನ್ನು ಹಿಡಿಯ ನಡುಕದಲ್ಲಿ ತಿಳಿಸುತ್ತದೆ. ನಿಂತ ಟೆಂಪೋದ ಹಿಂಬದಿಯಿಂದ ಚಾಚಿದ ಕಬ್ಬಿಣದ ಸರಳು ನನ್ನ ಹಣೆಗೆ ತಾಗದಿದ್ದದ್ದು ಇದರಿಂದ. ಜೋರು ಮಳೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ಛತ್ರಿಯ ಮೇಲೆ ಹನಿಗಳು ಬಡಿಯುವಾಗ ಊರಿಗೆ ಊರೇ ಅಳಿಸಿಹೋಗುತ್ತದೆ. ಅಂಥ ದಿನ ರೈನ್‌ಕೋಟ್ ತೊಟ್ಟು ಟೋಪಿ ಹಿಂದಕ್ಕೆ ಸರಿಸಿ ತಲೆ ನೆನೆಸಿಕೊಂಡೇ ನಡೆಯುತ್ತೇನೆ.

ನೋಟುಗಳಿಗೆ ಅಂಚಿನ ಉಬ್ಬುಗೆರೆಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಅವು ಸವೆದರೆ ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಹೊರತಂದ ಮಣಿ ಎಂಬ ಆ್ಯಪ್ ಇದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಕಚೇರಿಯ ಕತೆ ಇಷ್ಟು ಸುಲಭವಾಗಿರಲಿಲ್ಲ. ಅಲ್ಲಿಗೆ ಹೊಸ ತಂತ್ರಾಂಶ ಬಂದಾಗ ಅದರ ಗುಂಡಿಗಳಿಗೆ ಯಾರೂ ಹೆಸರು ಕೊಟ್ಟಿರಲಿಲ್ಲ. ನನ್ನ ಕಿವಿಗೆ ಬರುತ್ತಿದ್ದದ್ದು "ಬಟನ್, ಬಟನ್, ಬಟನ್" ಅಷ್ಟೇ. ಹತ್ತು ವರ್ಷದ ಅನುಭವ ಒಂದು ಬೆಳಿಗ್ಗೆ ನಿರುಪಯೋಗಿಯಾಯಿತು. ಪ್ರತಿ ಗುಂಡಿಗೂ ಒಂದು ಪದ ಬರೆಯುವುದಷ್ಟೇ ಆಗಬೇಕಾಗಿದ್ದ ಕೆಲಸ. ಅದಕ್ಕೆ ಏಳು ತಿಂಗಳು ಹಿಡಿಯಿತು. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ.

ಈಗ ಅಚ್ಚಿನ ಪುಸ್ತಕಗಳ ಸಂಗತಿ. ಪುಟದ ಫೋಟೋ ತೆಗೆದು ಅಕ್ಷರಗಳನ್ನು ಗುರುತಿಸುವ ಓಸಿಆರ್ ಕನ್ನಡಕ್ಕೂ ಬಂದಿದೆ. ನಾನು ಬಳಸುವುದು ಟೆಸರಾಕ್ಟ್, ಮುಕ್ತ ತಂತ್ರಾಂಶ. ಕನ್ನಡದಲ್ಲಿ ಅದು ಎಡವುವ ಜಾಗಗಳು ನನಗೆ ಕಂಠಪಾಠವಾಗಿವೆ: 'ವ' 'ಪ' ಆಗುತ್ತದೆ, 'ಪ' 'ಷ' ಆಗುತ್ತದೆ, 'ದ' 'ಧ' 'ಥ' ಅದಲುಬದಲಾಗುತ್ತವೆ, ಸಾಲಿನ ಕೆಳಗೆ ಇಳಿದ ಒತ್ತಕ್ಷರ ಕೆಳಗಿನ ಸಾಲಿಗೆ ಜಿಗಿಯುತ್ತದೆ. ಪುಸ್ತಕದ ಬೆನ್ನಿನ ಬಳಿ ಪುಟ ಬಾಗಿದರೆ ತಪ್ಪು ಹೆಚ್ಚು. ಅದಕ್ಕೆ ಪುಟದ ಮೇಲೆ ಗಾಜಿನ ಹಲಗೆ ಒತ್ತಿ, ಪಕ್ಕದಿಂದ ಬೆಳಕು ಬೀಳುವಂತೆ ಮಾಡಿ ಫೋಟೋ ತೆಗೆಯುತ್ತೇವೆ. ತೆಗೆಯುವವಳು ನನ್ನ ಮಗಳು.

ಅವಳಿಗೆ ಹತ್ತೊಂಬತ್ತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದಲು ಬರುವುದಿಲ್ಲ. ಹೀಗಾಗಿ ಕಣ್ಣಿರುವ ಅವಳೂ ಅಕ್ಷರ ಬಲ್ಲ ನಾನೂ ಒಂದೇ ಧ್ವನಿಗೆ ಕಿವಿಗೊಟ್ಟು ಒಂದೇ ಪುಸ್ತಕ ಓದುತ್ತೇವೆ. ಅವಳಿಗಾಗಿ ವೇಗವನ್ನು ಮೂವತ್ತಕ್ಕೆ ಇಳಿಸುತ್ತೇನೆ.

ಕಳೆದ ದೀಪಾವಳಿಗೆ ಅಟ್ಟ ಸ್ವಚ್ಛಗೊಳಿಸುವಾಗ ಅಪ್ಪ ಊರಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ಸಿಕ್ಕವು. ಅಜ್ಜಿ ಕೂಡಿಟ್ಟು ಅಮ್ಮನ ಕೈಗೆ ಕೊಟ್ಟಿದ್ದವು. ಅವನ್ನು ಟೆಸರಾಕ್ಟಿಗೆ ಕೊಟ್ಟೆವು. ಕೈಬರಹವನ್ನು ಅದು ಓದಲಾರದು, ಅರ್ಥವಿಲ್ಲದ ಅಕ್ಷರಗಳ ರಾಶಿ ಬಂತು. ಬೇರೆ ಎರಡು ಆ್ಯಪ್‌ಗಳನ್ನು ಪ್ರಯತ್ನಿಸಿದೆವು, ಅಪ್ಪನ ಓರೆ ಬರಹ ಅವಕ್ಕೂ ಬಗ್ಗಲಿಲ್ಲ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ನಾನು ಕಂಡದ್ದನ್ನು ಹೇಳುತ್ತೇನೆ, ಯಾವ ಅಕ್ಷರ ಎಂದು ನೀನು ಹೇಳು" ಎಂದಳು.

"ಎರಡು ಉರುಟು, ನಡುವೆ ಬಾಗಿಲು ತೆರೆದಂತೆ, ಮೇಲೆ ಟಿಕ್ ಗುರುತು."

"ಟಿಕ್ ಅಲ್ಲ, ತಲೆಕಟ್ಟು. ಎರಡು ಉರುಟಿನ ನಡುವೆ ಮೇಲ್ಗಡೆ ಸೇರಿದೆಯೋ, ಬಿಟ್ಟಿದೆಯೋ?"

ಹೇಳಿದ್ದು ಸಾಲದೆ ನನ್ನ ಅಂಗೈ ಮೇಲೆ ತೋರುಬೆರಳಿನಿಂದ ಬರೆದು ತೋರಿಸಿದಳು. ಸಂಜೆ ಏಳರಿಂದ ಹತ್ತರವರೆಗೆ ಕುಳಿತು ಮೊದಲ ಪತ್ರದ ನಾಲ್ಕು ಸಾಲು ಬಿಡಿಸಿದೆವು. ಮಾಟುಂಗದಲ್ಲಿ ವಿಪರೀತ ಸೆಕೆ, ಮಾಲೀಕರು ಸಂಬಳ ಏರಿಸಿದ್ದಾರೆ, ಮಗನನ್ನು ಜೂನ್‌ನಲ್ಲಿ ಶಾಲೆಗೆ ಸೇರಿಸುತ್ತೇನೆ, ಕನ್ನಡ ಶಾಲೆಗೇ. ಐದನೆಯ ಸಾಲಿಗೆ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಮಗಳು ಒಂದು ಅಕ್ಷರವನ್ನು ತಾನೇ ಹೇಳಿದಳು. ಒಟ್ಟು ಹದಿನೇಳು ಪತ್ರಗಳಿವೆ. ಈಗ ಮೂರನೆಯದರಲ್ಲಿದ್ದೇವೆ.