ಮೂವತ್ತಾರು ಸೆಕೆಂಡಿನ ಲೆಕ್ಕ

ಅಮೆರಿಕದ ಕಾಲೇಜು ಹುಡುಗಿಯರ ದೂರದ ಓಟದಲ್ಲಿ ಯಾವ ದಾಖಲೆ ಯಾವಾಗ ಮುರಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಹುಚ್ಚು. ಸಂಬಳ ಕೊಡುವ ಕೆಲಸ ಬೇರೆ, ಸಾಫ್ಟ್‌ವೇರ್. ಮೈಸೂರಿನಲ್ಲಿ ಓದುವಾಗ ಕಾಲೇಜಿಗಾಗಿ 3000, 5000 ಮೀಟರ್ ಓಡುತ್ತಿದ್ದೆ. ಮಂಡಿ ಕೈಕೊಟ್ಟ ಮೇಲೆ ಓಟ ನಿಂತಿತು, ನೋಡುವುದು ನಿಲ್ಲಲಿಲ್ಲ. ಈಗ ಇರುವುದು ಬಾಸ್ಟನ್ ಹತ್ತಿರ. ಇಲ್ಲಿನ ಬಾಸ್ಟನ್ ಯೂನಿವರ್ಸಿಟಿಯ ಒಳಾಂಗಣ ಟ್ರ್ಯಾಕ್ ಪ್ರಪಂಚದ ವೇಗದ ಟ್ರ್ಯಾಕ್‌ಗಳಲ್ಲಿ ಒಂದು. ಡಿಸೆಂಬರ್ ಮೊದಲ ವಾರ ಅಲ್ಲಿ ಸೀಸನ್ ಶುರುವಾಗುತ್ತದೆ. ದೇಶದ ನಾನಾ ಮೂಲೆಯಿಂದ ಕಾಲೇಜು ತಂಡಗಳು 5000 ಮೀಟರ್ ಓಡಲೆಂದೇ ಇಲ್ಲಿಗೆ ಬರುತ್ತವೆ. ನಾನೂ ಹೋಗಿ ಗ್ಯಾಲರಿಯಲ್ಲಿ ಕೂರುತ್ತೇನೆ. ಕೈಯಲ್ಲಿ ಒಂದು ಸ್ಟಾಪ್‌ವಾಚ್, ತೊಡೆ ಮೇಲೆ ಒಂದು ನೋಟ್‌ಬುಕ್.

ನನ್ನ ಪದ್ಧತಿ ತುಂಬಾ ಸರಳ. ಟ್ರ್ಯಾಕ್ 200 ಮೀಟರ್, ಹಾಗಾಗಿ 5000 ಅಂದರೆ 25 ಸುತ್ತು. ಸುತ್ತಿಗೆ 36 ಸೆಕೆಂಡ್ ಹಿಡಿದರೆ ಸರಿಯಾಗಿ 15 ನಿಮಿಷ. ಐದು ಸುತ್ತಿಗೆ 3 ನಿಮಿಷ, ಹತ್ತಕ್ಕೆ 6. ಕ್ಯಾಲ್ಕುಲೇಟರ್ ಬೇಡವೇ ಬೇಡ. ಪುಟದ ಎಡಗಡೆ ಈ 36ರ ಮಗ್ಗಿಯನ್ನು ಮನೆಯಲ್ಲೇ ಬರೆದುಕೊಂಡು ಹೋಗುತ್ತೇನೆ. ಮಧ್ಯದ ಕಾಲಮ್ಮಿನಲ್ಲಿ ಓಟಗಾರ್ತಿಯ ಎದೆ ಗೆರೆ ದಾಟಿದಾಗಿನ ಒಟ್ಟು ಸಮಯ. ಒಟ್ಟು ಸಮಯವನ್ನೇ ಬರೆಯಬೇಕು, ಸುತ್ತಿನ ಸಮಯವನ್ನಲ್ಲ. ಬೆರಳು ಒಂದು ಸಲ ಚೂರು ತಡವಾಗಿ ಒತ್ತಿದರೂ ಆ ವ್ಯತ್ಯಾಸ ಅಲ್ಲಿಗೇ ಮುಗಿಯುತ್ತದೆ, ಕೂಡಿಕೊಂಡು ಬೆಳೆಯುವುದಿಲ್ಲ. ಬಲಗಡೆ ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ ಜಮಾ, ಬಾಕಿ. 36ರ ಮಗ್ಗಿಗಿಂತ ಮುಂದಿದ್ದರೆ ಜಮಾ, ಹಿಂದಿದ್ದರೆ ಬಾಕಿ.

ಮೊದಲ ಹತ್ತು ಸುತ್ತಿನ ಜಮಾಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅಲ್ಲಿ ಪೇಸರ್ (ವೇಗ ಹಿಡಿದುಕೊಡಲೆಂದೇ ಓಡುವವಳು) ಮುಂದಿರುತ್ತಾಳೆ, ಕಾಲು ಹೊಸದಾಗಿರುತ್ತದೆ. ನಾನು ಕಣ್ಣಿಡುವುದು 13ರಿಂದ 20ರವರೆಗಿನ ಸುತ್ತುಗಳ ಮೇಲೆ. ಸಾಮಾನ್ಯವಾಗಿ ಆ ಹೊತ್ತಿಗೆ ಪೇಸರ್ ಪಕ್ಕಕ್ಕೆ ಸರಿದಿರುತ್ತಾಳೆ. ಮುಗಿಯುವುದು ಇನ್ನೂ ದೂರ ಇರುತ್ತದೆ, ಕೊನೆಯ ಸುತ್ತಿನ ಗಂಟೆ ಸದ್ದು ಮನಸ್ಸಿಗೂ ಬಂದಿರುವುದಿಲ್ಲ. ಹೆಚ್ಚಿನವರ ಜಮಾ ಸೋರುವುದು ಇಲ್ಲೇ. ಸುತ್ತಿಗೆ ಹತ್ತನೇ ಎರಡು, ಹತ್ತನೇ ಮೂರು ಸೆಕೆಂಡ್ ಹೀಗೆ ಹೋಗುತ್ತಾ ಇರುತ್ತದೆ. ಭುಜ ಸ್ವಲ್ಪ ಮೇಲೇರುತ್ತದೆ, ತಿರುವಿನಲ್ಲಿ ಕಾಲು ಗೆರೆ ಬಿಟ್ಟು ಒಂದು ಗೇಣು ಹೊರಗೆ ಬೀಳುತ್ತದೆ. ಒಬ್ಬಳೇ ಓಡುವಾಗಲೂ ಜಮಾ ಬೆಳೆಯುತ್ತಿದ್ದರೆ ಆ ಹೆಸರಿನ ಕೆಳಗೆ ಗೆರೆ ಎಳೆಯುತ್ತೇನೆ. ಅವಳು ಗಡಿಯಾರ ತೋರಿಸಿದ್ದಕ್ಕಿಂತ ಗಟ್ಟಿ ಎಂದು ಅರ್ಥ.

ಈ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಒಂದೇ ವರ್ಷ: 2009. ಕೊಲೊರಾಡೊ ಯೂನಿವರ್ಸಿಟಿಯ ಜೆನ್ನಿ ಬ್ಯಾರಿಂಜರ್ (ಮುಂದೆ ಜೆನ್ನಿ ಸಿಂಪ್ಸನ್ ಎಂದು ವಿಶ್ವ ಚಾಂಪಿಯನ್ ಆದವರು) ಆ ಒಂದೇ ವರ್ಷದಲ್ಲಿ ಒಳಾಂಗಣ 5000ವನ್ನು 15:01.70ಕ್ಕೆ, ಮೈಲಿಯನ್ನು 4:25.91ಕ್ಕೆ, ಹೊರಾಂಗಣ 1500ವನ್ನು 3:59.90ಕ್ಕೆ, 3000 ಮೀಟರ್ ಸ್ಟೀಪಲ್‌ಚೇಸನ್ನು (ತಡೆ, ನೀರಿನ ಹೊಂಡ ದಾಟುವ ಓಟ) 9:25.54ಕ್ಕೆ ಓಡಿದ್ದರು. ನಾಲ್ಕೂ ಕಾಲೇಜು ದಾಖಲೆ. ಮರುವರ್ಷ ಅಯೋವಾ ಸ್ಟೇಟ್‌ನ ಲೀಸಾ ಕೋಲ್ 10,000ವನ್ನು 31:18.07ಕ್ಕೆ ಇಳಿಸಿದರು. ಆಮೇಲೆ ಸ್ಟೀಪಲ್‌ಚೇಸ್ ಬಿಟ್ಟರೆ ಹದಿಮೂರು ಹದಿನಾಲ್ಕು ವರ್ಷ ಈ ಗೋಡೆ ಅಲುಗಾಡಲಿಲ್ಲ. ಕಾಲೇಜು ಸೇರಿದ ಹುಡುಗಿಯರೆಲ್ಲ ಇದರ ಕೆಳಗೇ ಓಡಿ, ಡಿಗ್ರಿ ಮುಗಿಸಿ ಹೋದರು.

2023ರಲ್ಲಿ ಬಿರುಕು ಬಿಟ್ಟಿತು. ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಯ ಕೇಟ್ಲಿನ್ ಟೂಹಿ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಮೈಲಿಯನ್ನು 4:24.26ಕ್ಕೆ ಓಡಿದರು. ಡಿಸೆಂಬರ್‌ನಲ್ಲಿ ಇದೇ ಬಾಸ್ಟನ್ ಟ್ರ್ಯಾಕಿನಲ್ಲಿ ಫ್ಲಾರಿಡಾದ ಪಾರ್ಕರ್ ವಾಲ್ಬಿ 5000ವನ್ನು 14:56.11ಕ್ಕೆ ಮುಗಿಸಿದರು. 15 ನಿಮಿಷದ ಒಳಗೆ ಬಂದ ಮೊದಲ ಕಾಲೇಜು ಹುಡುಗಿ. ನನ್ನ 36ರ ಮಗ್ಗಿಯಲ್ಲಿ ಕೊನೆಗೆ ಜಮಾ ಉಳಿದ ಮೊದಲ ಹೆಸರೂ ಅದೇ. ಸುತ್ತಿಗೆ ಸರಾಸರಿ 35.84. ಮೂರೇ ತಿಂಗಳಲ್ಲಿ ಅವರೇ ಅದನ್ನು 14:52.79 ಮಾಡಿದರು. 2024ರ ಡಿಸೆಂಬರ್‌ನಲ್ಲಿ ಅಲಬಾಮಾ ಪರ ಓಡುವ ಕೀನ್ಯಾದ ಡೋರಿಸ್ ಲೆಮ್‌ಗೋಲೆ 14:52.57. ಈ ಡಿಸೆಂಬರ್‌ನಲ್ಲಿ, ಅಂದರೆ 2025ರಲ್ಲಿ, ಯೂಟಾದ ಬ್ರಿಗಮ್ ಯಂಗ್ ಯೂನಿವರ್ಸಿಟಿಗೆ ಆಗಷ್ಟೇ ಸೇರಿದ ಜೇನ್ ಹೆಡೆಂಗ್ರೆನ್ 14:44.79. ಸರಾಸರಿ 35.39. ಮೊದಲ ವರ್ಷದ ಹುಡುಗಿ, ಇನ್ನೂ ಹಾಸ್ಟೆಲ್ ಊಟ ರೂಢಿಯಾಗುವ ಸಮಯ!

ನನ್ನ ಅಕ್ಕನ ಮಗಳು ಮೂಡಬಿದಿರೆಯಲ್ಲಿ ಓದುತ್ತಾಳೆ, 5000 ಓಡುತ್ತಾಳೆ. ಈ ಫಲಿತಾಂಶ ಕಳಿಸಿದ ತಕ್ಷಣ ಫೋನ್ ಬಂತು.

"ಚಿಕ್ಕಮ್ಮಾ, ಇದೆಲ್ಲ ಬರೀ ಶೂ ಮಹಿಮೆ ಅಲ್ವಾ?"

"ಶೂ ಇದೆ. ಆದ್ರೆ ಬರೀ ಶೂ ಅಲ್ಲ ಕಣೇ."

"ಮತ್ತೆ?"

ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2020ರ ಸುಮಾರಿಗೆ ಹೊಸ ಬಗೆಯ ಸ್ಪೈಕ್ಸ್ (ಅಡಿಯಲ್ಲಿ ಮುಳ್ಳಿರುವ ಓಟದ ಶೂ) ಬಂದವು. ಹಗುರ, ಪುಟಿಯುವ ಫೋಮ್. ಸಹಾಯ ಖಂಡಿತ ಆಗುತ್ತದೆ, ಅದರಲ್ಲೂ ಮರುದಿನ ಮೀನಖಂಡ ಕಲ್ಲಾಗುವುದಿಲ್ಲ, ಹಾಗಾಗಿ ತರಬೇತಿಯೂ ಜಾಸ್ತಿ ಆಗುತ್ತದೆ. ಆದರೆ ಶೂ ಎಲ್ಲರ ಕಾಲಲ್ಲೂ ಇದೆ. ಶೂ ಒಂದೇ ಕಾರಣವಾಗಿದ್ದರೆ 2009ರ ದಾಖಲೆಗಳೆಲ್ಲ ಒಟ್ಟಿಗೇ ಬೀಳಬೇಕಿತ್ತು. 5000 ಬಿತ್ತು, ಮೈಲಿ ಬಿತ್ತು. 1500 ಬೀಳಲಿಲ್ಲ. ಅದೇ ಕಾಲು, ಅದೇ ಶೂ. ಹಾಗಾದರೆ ಬೇರೆ ಏನೋ ಇದೆ. ನನ್ನ ಪ್ರಕಾರ ಅದು ಓಟದ ಸ್ವಭಾವ: ಮುಂದೆ ನಿಂತು ಓಡುವವಳು ಸೋಲುತ್ತಾಳೋ ಗೆಲ್ಲುತ್ತಾಳೋ ಎಂಬುದು.

ಇದಕ್ಕೆ 2024ರ ಜೂನ್ ನೋಡಿ. ಯುಜೀನ್‌ನ ಹೇವರ್ಡ್ ಫೀಲ್ಡ್, ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಫೈನಲ್. ವಾಲ್ಬಿ 10,000ವನ್ನು 31:46ಕ್ಕೆ ಗೆದ್ದರು. ಅದೇ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರೇ ಮಾಡಿದ್ದ ದಾಖಲೆ 30:50.43. ಹತ್ತಿರ ಹತ್ತಿರ ಒಂದು ನಿಮಿಷ ನಿಧಾನ! ಗೆಲ್ಲಲು ಅಷ್ಟು ಸಾಕಿತ್ತು, ಅಷ್ಟೇ ಓಡಿದರು. ಎರಡು ದಿನ ಬಿಟ್ಟು ಅದೇ ಟ್ರ್ಯಾಕಿನಲ್ಲಿ 5000ವನ್ನು ಮುಂದೆ ನಿಂತು ಎಳೆದು 14:52.18ಕ್ಕೆ ಮುಗಿಸಿದರು. ಅದು ಹೊರಾಂಗಣ ದಾಖಲೆ. ಒಬ್ಬಳೇ ಓಟಗಾರ್ತಿ, ಒಂದೇ ವಾರ. ಅಂದಹಾಗೆ ವಾಲ್ಬಿ ವಾರದಲ್ಲಿ ಕೆಲವೇ ದಿನ ಓಡಿ, ಉಳಿದ ದಿನ ಜಿಮ್ಮಿನ ಆರ್ಕ್ ಟ್ರೈನರ್ ಯಂತ್ರದ ಮೇಲೆ ಬೆವರು ಸುರಿಸುತ್ತಿದ್ದವರು. ಓಟ ಅಂದರೆ ಕಿಲೋಮೀಟರ್ ಪೇರಿಸುವುದು ಎಂದು ನಮಗೆ ಮೈಸೂರಿನಲ್ಲಿ ಕಲಿಸಿದ್ದ ಸರ್‌ಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಈಗ ನನ್ನ ಅಂದಾಜಿಗೆ ಬರುತ್ತೇನೆ. ಮೊದಲು 10,000.

ಪೀಟ್ ರೀಗಲ್ ಎಂಬ ಎಂಜಿನಿಯರ್ ಹಾಕಿಕೊಟ್ಟ ಒಂದು ಹಳೆಯ ಸೂತ್ರ ಇದೆ. ದೂರ ಎರಡು ಪಟ್ಟಾದರೆ ಸಮಯ ಸುಮಾರು 2.085 ಪಟ್ಟಾಗುತ್ತದೆ. ಹೆಡೆಂಗ್ರೆನ್ ಅವರ 14:44.79ನ್ನು ಇದಕ್ಕೆ ಹಾಕಿದರೆ ಸುಮಾರು 30:44.7 ಬರುತ್ತದೆ. ದಾಖಲೆಗಿಂತ ಕಷ್ಟಪಟ್ಟು ಆರು ಸೆಕೆಂಡ್ ಕಡಿಮೆ. ಇಷ್ಟರ ಮೇಲೆ ಪಂದ್ಯ ಕಟ್ಟಲಾರೆ. ಆದರೆ ಸೂತ್ರ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುತ್ತದೆ. ಮೇಲ್ಮಟ್ಟದ ಓಟಗಾರ್ತಿಯರು ಅದಕ್ಕಿಂತ ಚೆನ್ನಾಗಿ ದೂರ ತಾಳುತ್ತಾರೆ. ವಾಲ್ಬಿ ಅವರ 14:52.79ಕ್ಕೂ 30:50.43ಕ್ಕೂ ಇರುವ ಅನುಪಾತ 2.073. ವಿಶ್ವ ದಾಖಲೆಯ ಬಿಯಾಟ್ರಿಸ್ ಚೆಬೆಟ್ ಅವರದ್ದು, 13:58.06ಕ್ಕೆ 28:54.14 ಇಟ್ಟರೆ, 2.069. ಹೆಡೆಂಗ್ರೆನ್‌ಗೆ ವಾಲ್ಬಿಯ ಅನುಪಾತ ಕೊಟ್ಟರೆ 30:34ರ ಆಸುಪಾಸು. ಹದಿನಾರು ಸೆಕೆಂಡ್ ಅಂತರ. ಇದು ಪಂದ್ಯ ಕಟ್ಟುವಷ್ಟಿದೆ. ವಸಂತದಲ್ಲಿ ಕ್ಯಾಲಿಫೋರ್ನಿಯಾದ ತಂಪು ರಾತ್ರಿ, ಒಳ್ಳೆಯ ಪೇಸರ್ ಸಿಕ್ಕರೆ 10,000 ಉಳಿಯುವುದು ಕಷ್ಟ. ನೋಡುವವರಿಗೆ ಒಂದು ಗುರುತು ಹೇಳುತ್ತೇನೆ: ಈಗಿನ ದಾಖಲೆಯ ವೇಗ 400 ಮೀಟರಿನ ಸುತ್ತಿಗೆ 74 ಸೆಕೆಂಡ್. 5000 ದಾಟುವಾಗ ಗಡಿಯಾರ 15:25ರ ಒಳಗಿದ್ದು, ಅಲ್ಲಿಂದ ಆರೇಳು ಸುತ್ತು 74 ಮೀರದಿದ್ದರೆ ಎದ್ದು ನಿಲ್ಲಬಹುದು.

ಹೊರಾಂಗಣ 5000 ಅದಕ್ಕಿಂತ ಸಡಿಲ. ಪ್ರಪಂಚದ ಮಟ್ಟದಲ್ಲಿ ಒಳಾಂಗಣ 5000ದ ದಾಖಲೆ ಗೆಂಜೆಬೆ ದಿಬಾಬಾ 2015ರಲ್ಲಿ ಮಾಡಿದ 14:18.86. ಹೊರಾಂಗಣದ್ದು ಅದಕ್ಕಿಂತ 20 ಸೆಕೆಂಡಿಗೂ ಹೆಚ್ಚು ವೇಗ. ಕಾಲೇಜಿನಲ್ಲಿ ಮಾತ್ರ ಉಲ್ಟಾ: ಹೊರಾಂಗಣದ 14:52.18 ಒಳಾಂಗಣಕ್ಕಿಂತ ಏಳು ಸೆಕೆಂಡ್ ಹಿಂದಿದೆ. ಬಯಲಲ್ಲಿ ಹುಡುಗಿಯರು ನಿಧಾನ ಎಂದಲ್ಲ. ಡಿಸೆಂಬರ್‌ನಲ್ಲಿ ಎಲ್ಲರೂ ಗಡಿಯಾರಕ್ಕಾಗಿ ಓಡುತ್ತಾರೆ. ವಸಂತದಲ್ಲಿ ಪ್ರಾದೇಶಿಕ ಸುತ್ತು, ಫೈನಲ್, ಕಾಲೇಜು ತಂಡಕ್ಕೆ ಅಂಕ, ಎರಡೆರಡು ಸ್ಪರ್ಧೆ ಎಂದು ಕಾಲು ಹಂಚಿಹೋಗುತ್ತದೆ. ಯಾರಾದರೂ ಒಬ್ಬಳು ಏಪ್ರಿಲ್‌ನಲ್ಲಿ ಮನಸ್ಸು ಮಾಡಿ ಒಂದೇ ಒಂದು ಸರಿಯಾದ 5000 ಓಡಿದರೆ ಮುಗಿಯಿತು.

ಸ್ಟೀಪಲ್‌ಚೇಸ್ ಬೇರೆಯೇ ಕಥೆ. 28 ತಡೆ, 7 ನೀರಿನ ಹೊಂಡ. 2009ರ 9:25.54ರಿಂದ 2024ರಲ್ಲಿ ಲೆಮ್‌ಗೋಲೆ ಮಾಡಿದ 9:15.24ಕ್ಕೆ ಇಳಿಯಲು ಹದಿನೈದು ವರ್ಷ ಹಿಡಿಯಿತು. ಇಳಿದಿದ್ದು ಹತ್ತು ಸೆಕೆಂಡ್. ಅಲ್ಲಿಂದ 2025ರ ಜೂನ್‌ನ ಎನ್‌ಸಿಎಎ ಫೈನಲ್‌ಗೆ, ಒಂದೇ ವರ್ಷದಲ್ಲಿ, ಅವರೇ ಇಳಿಸಿದ್ದು ಹದಿನೇಳು ಸೆಕೆಂಡ್: 8:58.15. ನಮ್ಮ ಪಾರುಲ್ ಚೌಧರಿ ಅದೇ 2025ರ ಮೇನಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ಮಾಡಿದ ಭಾರತದ ದಾಖಲೆ 9:12.46. ಅದರ ಪಕ್ಕದಲ್ಲಿಟ್ಟರೆ ಈ ಕಾಲೇಜು ಓಟದ ಎತ್ತರ ಗೊತ್ತಾಗುತ್ತದೆ. ಆ ಫೈನಲ್‌ನಲ್ಲಿ ಎರಡನೆಯವರಾದ ಲೆಕ್ಸಿ ಹ್ಯಾಲಡೇ-ಲೌರಿ 9:08.68 ಓಡಿದ್ದರು. ಹಿಂದಿನ ದಾಖಲೆಗಿಂತ ವೇಗವಾಗಿ ಓಡಿಯೂ ಹತ್ತು ಸೆಕೆಂಡ್ ಹಿಂದೆ! ಈ ದಾಖಲೆಯನ್ನು ಹತ್ತಿರದ ದಿನಗಳಲ್ಲಿ ಮುರಿಯುವವರು ಯಾರು ಎಂದು ಕೇಳಿದರೆ ನನಗೆ ಕಾಣುವುದು ಒಂದೇ ಹೆಸರು, ಲೆಮ್‌ಗೋಲೆ ಅವರದ್ದೇ. 2025ರ ನವೆಂಬರ್‌ನಲ್ಲಿ ಮಿಸೌರಿಯ ಕ್ರಾಸ್ ಕಂಟ್ರಿ ಫೈನಲ್‌ನಲ್ಲಿ ಹೆಡೆಂಗ್ರೆನ್ ಅವರನ್ನು ಎರಡನೇ ಸ್ಥಾನಕ್ಕೆ ಇಳಿಸಿ ಗೆದ್ದವರೂ ಅವರೇ. ಅವರು ವೃತ್ತಿಪರರಾಗಿ ಹೋದರೆ 8:58 ಬಹಳ ವರ್ಷ ಕೂರುತ್ತದೆ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಮ್ ಇದೆ, ಅದನ್ನು ಯಾರೂ ಕೇಳುವುದಿಲ್ಲ. 'ಬರಲಿಲ್ಲ' ಎಂಬ ಕಾಲಮ್. ಹೆಸರು ಪಟ್ಟಿಯಲ್ಲಿದ್ದೂ ಗೆರೆಯ ಮೇಲೆ ನಿಲ್ಲದವರು. ಮೂಳೆಯ ಬಿರುಕು, ಕಬ್ಬಿಣಾಂಶದ ಕೊರತೆ, ತಿಂಗಳುಗಟ್ಟಲೆ ನಿಂತ ಮುಟ್ಟು. ಹದಿನೆಂಟು ಇಪ್ಪತ್ತರ ವಯಸ್ಸಿನ ಹುಡುಗಿಯರ ವಿಷಯ ಇದು. ಡಿಸೆಂಬರ್‌ನಲ್ಲಿ ಗೆರೆ ಎಳೆದ ಎಷ್ಟೋ ಹೆಸರುಗಳನ್ನು ಜೂನ್‌ನಲ್ಲಿ ಹುಡುಕಿದರೆ ಇರುವುದಿಲ್ಲ. ಹಾಗಾಗಿ ನನ್ನ ಅಂದಾಜಿನಲ್ಲಿ ಹೆಸರಿಗಿಂತ ಸಂಖ್ಯೆಗೆ ಬೆಲೆ: ಆ ದೂರಕ್ಕೆ ಯೋಗ್ಯರಾದವರು ಒಬ್ಬರೇ ಇದ್ದಾರೋ, ನಾಲ್ಕೈದು ಜನ ಇದ್ದಾರೋ? 5000ಕ್ಕೆ ಈಗ ಹಲವರು ಇದ್ದಾರೆ. ಸ್ಟೀಪಲ್‌ಚೇಸ್‌ಗೆ ಒಬ್ಬರೇ. ಮನೆಯಲ್ಲಿ ಮೂಡಬಿದಿರೆಯವಳಿಗೂ ನಾನು ಮೊದಲು ಕೇಳುವುದು ಟೈಮಿಂಗ್ ಅಲ್ಲ, ಸರಿಯಾಗಿ ಊಟ ಮಾಡ್ತಿದೀಯಾ ಅಂತ. ಅವಳಿಗೆ ಸಿಟ್ಟು ಬರುತ್ತದೆ.

ಇನ್ನು 1500. ಆ 3:59.90. ಬ್ಯಾರಿಂಜರ್ ಅದನ್ನು ಓಡಿದ್ದು ಕಾಲೇಜು ಕೂಟದಲ್ಲಲ್ಲ, ಪ್ರಿಫಾಂಟೇನ್ ಕ್ಲಾಸಿಕ್‌ನಲ್ಲಿ, ವೃತ್ತಿಪರರ ನಡುವೆ. ಎನ್‌ಸಿಎಎ ಫೈನಲ್‌ನಲ್ಲಿ 1500 ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು: ಯಾರೂ ಮುಂದೆ ಬರುವುದಿಲ್ಲ. ಎರಡು ಸುತ್ತು ಗುಂಪಾಗಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಹೋಗಿ, ಕೊನೆಯ 300ರಲ್ಲಿ ಹಾರುತ್ತಾರೆ. 2025ರ ಫೈನಲ್ 4:07ಕ್ಕೆ ಮುಗಿಯಿತು. 5000ದಲ್ಲಿ ಗಟ್ಟಿಗಿತ್ತಿ ಮುಂದೆ ನಿಂತು ಎಳೆದರೆ ಉಳಿದವರು ಉದುರಿಹೋಗುತ್ತಾರೆ. 1500ದಲ್ಲಿ ಮುಂದೆ ನಿಂತವಳೇ ಉಳಿದವರಿಗೆ ಗಾಳಿ ತಡೆದು ಕೊಡುತ್ತಾಳೆ, ಕೊನೆಗೆ ಅವರೇ ಅವಳನ್ನು ದಾಟುತ್ತಾರೆ. ಮುರಿಯಬೇಕಾದರೆ ಯಾವುದಾದರೂ ಹುಡುಗಿಗೆ ಜೂನ್‌ಗೆ ಮುಂಚೆ ವೃತ್ತಿಪರರ ಓಟದಲ್ಲಿ ಜಾಗ ಸಿಗಬೇಕು. ಅವಳ ಕೋಚ್, ಕಾಲೇಜಿನ ಅಂಕ ಬಿಟ್ಟು, ಹೋಗು ಎನ್ನಬೇಕು. 400ಕ್ಕೆ 64 ಸೆಕೆಂಡಿನಂತೆ ಎಳೆಯುವವರ ಬೆನ್ನಿಗೆ ಅವಳು ಅಂಟಿಕೊಳ್ಳಬೇಕು. ಕಾಲಿಗಿಂತ ಕ್ಯಾಲೆಂಡರ್ ದೊಡ್ಡ ಅಡ್ಡಿ.

ಹಾಗಾಗಿ ಮೂಡಬಿದಿರೆಗೆ ಕಳಿಸಿದ ಪಟ್ಟಿ ಇಷ್ಟು. ಹೊರಾಂಗಣ 5000, 10,000: ಒಂದೆರಡು ಸೀಸನ್ ಒಳಗೆ. ಒಳಾಂಗಣ 5000: ಹೆಡೆಂಗ್ರೆನ್ ಆರೋಗ್ಯವಾಗಿದ್ದರೆ ಮುಂದಿನ ಡಿಸೆಂಬರ್‌ಗಳಲ್ಲಿ ಇನ್ನೂ ಇಳಿಯುತ್ತದೆ. ಸ್ಟೀಪಲ್‌ಚೇಸ್: ಲೆಮ್‌ಗೋಲೆ ಅಥವಾ ಯಾರೂ ಇಲ್ಲ. 1500: 2026ರ ಜೂನ್‌ಗಂತೂ ಇಲ್ಲ.

"ಬೆಟ್ ಎಷ್ಟು ಚಿಕ್ಕಮ್ಮಾ?" ಎಂದಳು.

1500ಕ್ಕೆ ಒಂದು ಜೊತೆ ಸ್ಪೈಕ್ಸ್ ಎಂದಿದ್ದೇನೆ. ಅವಳ ಸೈಜ್ ಆರು.